ಗಾಜಿನ ಹಿಂದೆ ಒಬ್ಬ ಸಬಾರ್ ವಾದಕ: ವೊಲೊಫ್ ಜನರ ‘ಸುವೆರ್’ ಚಿತ್ರ ಮನೆಯಲ್ಲೇ ಬಿಡಿಸುವುದು ಹೀಗೆ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ಬಿಡಿಸಿದ ಮೊದಲ ಸುವೆರ್ ಚಿತ್ರದಲ್ಲಿ ಡ್ರಮ್ ಬಾರಿಸುವವನು ಎಡಚ. ಹಾಳೆಯ ಮೇಲೆ ಕೋಲನ್ನು ಬಲಗೈಗೇ ಕೊಟ್ಟಿದ್ದೆ, ಅದರ ಮೇಲೆ ಗಾಜಿಟ್ಟು ಮೂರು ಸಂಜೆ ಕೂತು ಬಣ್ಣ ತುಂಬಿದೆ, ಕೊನೆಗೆ ಗಾಜು ತಿರುಗಿಸಿ ನೋಡಿದರೆ ಕೋಲು ಎಡಗೈಗೆ ಹೋಗಿತ್ತು. ಕೆಳಗೆ ಬರೆದ ನನ್ನ ಹೆಸರೂ ಉಲ್ಟಾ. ನೀವು ಹೀಗೆ ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಸುವೆರ್ ಅಂದರೆ ಗಾಜಿನ ಹಿಂಬದಿಗೆ ಬಣ್ಣ ಹಚ್ಚಿ ಮುಂದಿನಿಂದ ನೋಡುವ ಚಿತ್ರ. ಆಫ್ರಿಕಾದ ಪಶ್ಚಿಮ ತುದಿಯಲ್ಲಿರುವ ಸೆನೆಗಲ್ ದೇಶದ್ದು, ಅಲ್ಲಿ ಅತಿ ಹೆಚ್ಚು ಜನ ಆಡುವ ಮಾತು ವೊಲೊಫ್. ಫ್ರೆಂಚರ ‘ಸು ವೆರ್’, ಅಂದರೆ ‘ಗಾಜಿನ ಕೆಳಗೆ’, ವೊಲೊಫ್ ಬಾಯಲ್ಲಿ ಸುವೆರ್ ಆಯಿತು, ನಾವು ಬಸ್ ಅನ್ನು ಬಸ್ಸು ಮಾಡಿಕೊಂಡ ಹಾಗೆ. ಉತ್ತರ ಆಫ್ರಿಕಾ ಮತ್ತು ಮೆಕ್ಕಾ ಕಡೆಯಿಂದ ವ್ಯಾಪಾರಿಗಳು, ಹಜ್ ಯಾತ್ರಿಕರು ಅಚ್ಚು ಹಾಕಿದ ಧಾರ್ಮಿಕ ಪಟಗಳನ್ನು ತರುತ್ತಿದ್ದರು, ನಮ್ಮ ಕ್ಯಾಲೆಂಡರ್ ದೇವರ ಪಟಗಳ ಥರ. 20ನೇ ಶತಮಾನದ ಶುರುವಿನಲ್ಲಿ, ವಿಲಿಯಂ ಪಾಂಟಿ ಗವರ್ನರ್ ಜನರಲ್ ಆಗಿದ್ದ ಕಾಲಕ್ಕೆ, ಫ್ರೆಂಚ್ ಆಡಳಿತ ಆ ಪಟಗಳಿಗೆ ತಡೆ ಹಾಕಿತು. ಪಟ ಬರುವುದು ನಿಂತರೆ ಏನಂತೆ, ಊರಿನ ಕಲಾವಿದರು ಅವನ್ನೇ ಗಾಜಿನ ಮೇಲೆ ನಕಲು ಮಾಡಿ ಮಾರತೊಡಗಿದರು.

ಈ ವಿದ್ಯೆ ನಮಗೂ ಹೊಸದಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೆ ಚೀನೀ ಕಲಾವಿದರ ಕೈಯಿಂದ ಮೈಸೂರು ಕಡೆಗೂ ಗಾಜಿನ ಚಿತ್ರ ಬಂದಿತ್ತು. ಬಂದ ದಾರಿ ಬೇರೆ, ಮಾಡುವ ರೀತಿ ಒಂದೇ.

ಏನನ್ನು ಬಿಡಿಸುವುದು? ಸೆನೆಗಲ್‌ನಲ್ಲಿ ಹೆಚ್ಚು ಕಾಣುವುದು ಶೇಖ್ ಅಮದು ಬಂಬಾ (1853–1927). ಮುರೀದ್ ಪಂಥ ಕಟ್ಟಿದ ಗುರು. 1895ರಲ್ಲಿ ಫ್ರೆಂಚರು ಅವರನ್ನು ಹಡಗು ಹತ್ತಿಸಿ ಗಬಾನ್‌ಗೆ ಗಡಿಪಾರು ಮಾಡಿದಾಗ, ಹಡಗಿನಲ್ಲಿ ನಮಾಜು ಮಾಡಲು ಬಿಡದಿದ್ದಕ್ಕೆ ಸಮುದ್ರದ ಮೇಲೇ ಚಾಪೆ ಹಾಸಿ ಪ್ರಾರ್ಥಿಸಿದರು ಅನ್ನುವ ಕತೆ ಗಾಜಿನ ಮೇಲೆ ಮತ್ತೆ ಮತ್ತೆ ಬರುತ್ತದೆ. ಆದರೆ ಅದು ಭಕ್ತರಿಗೆ ದೇವರ ಪಟಕ್ಕೆ ಸಮ. ಕೈ ಕೂರುವ ಮುಂಚೆ ಸುಮ್ನೆ ಪ್ರಯೋಗ ಮಾಡುವ ವಸ್ತು ಅಲ್ಲ. ಹೊಸಬರಿಗೆ ಸಬಾರ್ ವಾದಕನೇ ಒಳ್ಳೆಯದು. ಒಬ್ಬ ಮನುಷ್ಯ, ಒಂದು ಡ್ರಮ್, ಅಷ್ಟೇ.

ಸಬಾರ್ ವೊಲೊಫ್ ಜನರ ಡ್ರಮ್‌ಗಳ ಗುಂಪಿನ ಹೆಸರು. ಕುಣಿತ ಕೂಟಕ್ಕೂ ಅದೇ ಹೆಸರು. ಬಾರಿಸುವವರು ಗೆವೆಲ್ ಅನ್ನುವ ಮನೆತನಗಳವರು. ವಂಶಾವಳಿ ನೆನಪಿಟ್ಟು ಹಾಡಿ ಹೊಗಳುವುದೂ ಅವರ ಕಸುಬು, ನಮ್ಮ ಉತ್ತರ ಕರ್ನಾಟಕದ ಹೆಳವರು ಮನೆತನದ ಹೆಸರುಗಳನ್ನು ಒಂದೂ ಬಿಡದೆ ಹೇಳುತ್ತಾರಲ್ಲ, ಅವರು ನೆನಪಾಗುತ್ತಾರೆ. (ಆಫ್ರಿಕಾ ಡ್ರಮ್ ಅಂದ ಕೂಡಲೇ ಯಲ್ಲಾಪುರದ ಸಿದ್ದಿಗಳ ಡಮಾಮಿಗೆ ಗಂಟು ಹಾಕಬೇಡಿ. ಸಿದ್ದಿಗಳ ಹಿರಿಯರು ಹೆಚ್ಚಾಗಿ ಪೂರ್ವ ಆಫ್ರಿಕಾದವರು, ಇದು ಖಂಡದ ಆ ಕಡೆ ದಂಡೆ.)

ಚಿತ್ರಕ್ಕೆ ‘ನ್ದೆರ್’ ಆರಿಸಿಕೊಳ್ಳಿ. ಗುಂಪನ್ನು ನಡೆಸುವ ಡ್ರಮ್ ಅದು, ಉದ್ದ, ಸಪೂರ, ನಡು ಸಣ್ಣ. ಮೇಲೆ ಆಡಿನ ಚರ್ಮ. ಬಾಯಿಯ ಸುತ್ತ ಮರದ ಗೂಟ ಬಡಿದು ಚರ್ಮವನ್ನು ಹಗ್ಗದಿಂದ ಬಿಗಿದಿರುತ್ತಾರೆ. ಗೂಟ ಸಾಮಾನ್ಯವಾಗಿ ಏಳು, ಮುಂದಿನಿಂದ ಕಾಣುವುದು ಮೂರೋ ನಾಲ್ಕೋ, ಏಳನ್ನೂ ಎದುರಿಗೇ ಸಾಲಾಗಿ ಬಿಡಿಸಬೇಡಿ. ಒಂದು ಕೈ ಬರಿಗೈ, ಇನ್ನೊಂದರಲ್ಲಿ ತೆಳ್ಳನೆ ಕೋಲು. ಇದೇ ಸಬಾರ್‌ನ ಗುರುತು. ಎರಡೂ ಬರಿಗೈ ಬಿಡಿಸಿದರೆ ಅದು ಜೆಂಬೆ ಅನ್ನುವ ಬೇರೆಯೇ ಡ್ರಮ್ ಆಗಿಬಿಡುತ್ತದೆ.

ಕೈ ಹೇಗಿಡಬೇಕು ಅಂತ ತಿಳಿಯಲು ಡೂಡು ನ್ದಿಯಾಯ್ ರೋಜ್ (1930–2015) ಅವರ ವಿಡಿಯೋ ಹುಡುಕಿ ನೋಡಿ. ಸೆನೆಗಲ್ ರಾಜಧಾನಿ ಡಕಾರ್‌ನ ಹಿರಿಯ ಸಬಾರ್ ಗುರು, ಗಂಡಸರದ್ದೇ ಅಂದುಕೊಂಡಿದ್ದ ಈ ಕೆಲಸಕ್ಕೆ ತಮ್ಮ ಮನೆಯ ಹೆಣ್ಣುಮಕ್ಕಳನ್ನೂ ತಂದು ‘ರೋಸೆಟ್’ ಅನ್ನುವ ತಂಡ ಕಟ್ಟಿದವರು. ಹಾಗಾಗಿ ನಿಮ್ಮ ಚಿತ್ರದಲ್ಲಿ ವಾದಕಿ ಇದ್ದರೂ ಸರಿಯೇ. ನಮ್ಮ ಮೃದಂಗದವರು ‘ತ ಧಿ ತೊಂ ನಂ’ ಅನ್ನುವಂತೆ ಅವರೂ ಪೆಟ್ಟುಗಳನ್ನು ಬಾಯಲ್ಲಿ ಹೇಳುತ್ತಾರೆ: ಅಂಗೈ ನಡುವಿಗೆ ಬಿದ್ದು ಗುಂಯ್ ಅಂದರೆ ‘ಗಿನ್’, ಕೈಯ ಚಪ್ಪಾಳೆಯಂಥ ಪೆಟ್ಟು ‘ಪಖ್’, ಕೋಲಿನದು ‘ಜಾ’. ಗಿನ್ ಬಿಡಿಸಿ, ಅಂಗೈ ಚರ್ಮದ ನಡುವೆ, ಕೋಲು ಗಾಳಿಯಲ್ಲಿ. ನೋಡಲು ಚೆಂದ.

ಈಗ ಸಾಮಾನು. ಫೋಟೋಗೆ ಫ್ರೇಮ್ ಹಾಕುವ ಅಂಗಡಿಯಲ್ಲಿ 2 ಮಿಲಿಮೀಟರ್ ಗಾಜು ಕೇಳಿ, ಎ4 ಅಳತೆಗೆ ಕತ್ತರಿಸಿಕೊಡುತ್ತಾರೆ. ಸೆನೆಗಲ್‌ನಲ್ಲಿ ಸಾಮಾನ್ಯವಾಗಿ 33 x 48 ಸೆಂಟಿಮೀಟರ್ ಇರುತ್ತದೆ, ಮೊದಲ ಸಲಕ್ಕೆ ಅಷ್ಟು ದೊಡ್ಡದು ಬೇಡ. ಅಂಚನ್ನು ನೀರು ಹಾಕಿ ಉಪ್ಪುಕಾಗದದಿಂದ ಉಜ್ಜಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ. ಆಮೇಲೆ ಅದ್ದಿ ಬರೆಯುವ ನಿಬ್ಬು, ನೀರಿಗೆ ಕರಗದ ಕಪ್ಪು ಇಂಡಿಯನ್ ಇಂಕ್, ಹಾರ್ಡ್‌ವೇರ್ ಅಂಗಡಿಯ ಎನಾಮೆಲ್ ಪೇಂಟ್‌ನ ಸಣ್ಣ ಡಬ್ಬಗಳು ನಾಲ್ಕೈದು, ಟರ್ಪೆಂಟೈನ್, ಎರಡು ಕುಂಚ, ಒಂದು ಬ್ಲೇಡು. ಇಂಕ್ ನೀರಿಗೆ ಕರಗುವಂಥದ್ದಾಗಿ, ಬಣ್ಣ ಅಕ್ರಿಲಿಕ್ ಆಗಿದ್ದರೆ, ಕುಂಚ ತಾಕಿದ ಕಡೆಯೆಲ್ಲ ಗೆರೆ ಎದ್ದು ಬರುತ್ತದೆ. ಎನಾಮೆಲ್‌ಗೆ ಆ ಕಾಟ ಇಲ್ಲ, ವಾಸನೆ ಮಾತ್ರ ಇದೆ. ಕಿಟಕಿ ತೆಗೆದಿಡಿ.

ಗಾಜನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ. ಇನ್ನು ಮೇಲೆ ಅಂಚು ಹಿಡಿದೇ ಎತ್ತಬೇಕು. ಬೆರಳಿನ ಜಿಡ್ಡು ಕೂತ ಕಡೆ ಇಂಕ್ ನಿಲ್ಲದೆ ಹನಿ ಹನಿಯಾಗಿ ಸರಿದುಬಿಡುತ್ತದೆ, ದೋಸೆ ಕಲ್ಲಿನ ಮೇಲಿನ ನೀರಿನ ಹಾಗೆ.

ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಚಿತ್ರ ಬರೆಯಿರಿ, ಕೋಲು ಬಲಗೈಯಲ್ಲಿ. ಆ ಹಾಳೆಯನ್ನು ಕಿಟಕಿ ಗಾಜಿಗೆ ಮುಖ ಮಾಡಿ ಒತ್ತಿ ಹಿಡಿಯಿರಿ, ಬಿಸಿಲಿಗೆ ಗೆರೆಗಳು ಹಿಂದಿನಿಂದ ಕಾಣುತ್ತವೆ, ಹಿಂಬದಿಯಲ್ಲೇ ತಿದ್ದಿಕೊಳ್ಳಿ. ಈಗ ಈ ಹಿಂಬದಿ ಚಿತ್ರವನ್ನು ಮೇಲೆ ಮಾಡಿ ಗಾಜಿನ ಕೆಳಗಿಡಿ. ನಾನು ಬಿಟ್ಟಿದ್ದು ಈ ಐದು ನಿಮಿಷದ ಕೆಲಸವನ್ನೇ. ನಿಬ್ಬಿನಿಂದ ಹೊರಗೆರೆ ಎಳೆಯಿರಿ, ಮೇಲಿನಿಂದ ಕೆಳಕ್ಕೆ, ಇಲ್ಲದಿದ್ದರೆ ಅಂಗೈ ಹಸಿ ಗೆರೆ ಒರೆಸಿಕೊಂಡು ಹೋಗುತ್ತದೆ. ತಪ್ಪಿದರೆ ಒಣಗಲು ಬಿಟ್ಟು ಬ್ಲೇಡಿನಿಂದ ಕೆರೆಯಿರಿ, ಹಸಿಯಲ್ಲಿ ಒರೆಸಲು ಹೋದರೆ ಗಲೀಜು ಜಾಸ್ತಿ.

ಸಹಿಯೂ ಈಗಲೇ, ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ. ತಲಕಟ್ಟಿನ ತುದಿ ಬಲಕ್ಕಲ್ಲ, ಎಡಕ್ಕೆ ಏಳಬೇಕು. ಇದನ್ನೂ ಹಾಳೆಯ ಹಿಂಬದಿಯಿಂದಲೇ ತಿದ್ದಿದರೆ ತಲೆನೋವಿಲ್ಲ.

ಇನ್ನು ಬಣ್ಣ. ಮಾಮೂಲಿ ಚಿತ್ರದಲ್ಲಿ ಕೊನೆಗೆ ಮಾಡುವುದನ್ನೆಲ್ಲ ಇಲ್ಲಿ ಮೊದಲು ಮಾಡಬೇಕು, ಯಾಕೆಂದರೆ ನೋಡುವವರ ಕಣ್ಣಿಗೆ ಮೊದಲು ಸಿಗುವುದು ಗಾಜಿಗೆ ಅಂಟಿದ ಪದರ. ಒಂದು ಕಣ್ಣನ್ನೇ ತೆಗೆದುಕೊಳ್ಳಿ. ಮೊದಲು ಹೊಳಪಿನ ಬಿಳಿ ಚುಕ್ಕೆ, ಸಾಸಿವೆಗಿಂತ ಚಿಕ್ಕದು. ಅದು ಒಣಗಿದ ಮೇಲೆ ಅದನ್ನು ಮುಚ್ಚುವಂತೆ ಕಪ್ಪು ಪಾಪೆ. ಅದರ ಮೇಲೆ ಕಣ್ಣಿನ ಬಿಳಿ. ಎಲ್ಲದರ ಮೇಲೆ ಮುಖದ ಕಂದು ಬಣ್ಣ. ನಿಮ್ಮ ಕಡೆಯಿಂದ ನೋಡಿದರೆ ಕಣ್ಣು ಪೂರ್ತಿ ಮುಚ್ಚಿಹೋಗಿ ಬರೀ ಕಂದು ಮೆತ್ತಿದ ಹಾಗೆ ಕಾಣುತ್ತದೆ, ಎದೆ ಧಸಕ್ಕೆನ್ನುತ್ತದೆ. ಗಾಜು ಎತ್ತಿ ಆ ಕಡೆಯಿಂದ ನೋಡಿ, ಅವನು ನಿಮ್ಮನ್ನೇ ನೋಡುತ್ತಿರುತ್ತಾನೆ.

ಬಟ್ಟೆಗೂ ಹೀಗೆಯೇ. ಬೂಬು ಅನ್ನುವ ಅಗಲದ ನಿಲುವಂಗಿಯ ಪಟ್ಟೆ, ಹೂವು ಮೊದಲು, ಬಟ್ಟೆಯ ಬಣ್ಣ ಆಮೇಲೆ. ಡ್ರಮ್‌ನ ಹಗ್ಗ, ಗೂಟ ಮೊದಲು, ಮರ ಆಮೇಲೆ. ಎರಡು ಪದರದ ನಡುವೆ ಒಂದು ರಾತ್ರಿ ಬಿಡಿ, ಅವಸರ ಮಾಡಿದರೆ ಮೇಲಿನ ಬಣ್ಣದ ಟರ್ಪೆಂಟೈನ್ ಕೆಳಗಿನದನ್ನು ಕರಗಿಸಿ ಪಟ್ಟೆಗಳು ಕಲಸಿಹೋಗುತ್ತವೆ. ನೆರಳು, ಛಾಯೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸೆನೆಗಲ್‌ನ ಸುವೆರ್ ಕಲಾವಿದ ಗೋರಾ ಮ್ಬೆಂಗ್ (1931–1988) ಅವರ ಚಿತ್ರ ನೋಡಿ, ಬಣ್ಣ ಎಲ್ಲ ಗಾಢ, ಸಪಾಟು, ಸುತ್ತ ಕಪ್ಪು ಗೆರೆ. ಮೈಬಣ್ಣ ಮಾತ್ರ ತೀರಾ ಕಪ್ಪು ಮಾಡಿಕೊಳ್ಳಬೇಡಿ, ಮೂಗು ಬಾಯಿಯ ಇಂಕ್ ಗೆರೆ ಕಾಣುವುದಿಲ್ಲ.

ಮತ್ತೆ ಮತ್ತೆ ಗಾಜು ಎತ್ತುವ ಬದಲು ಅದನ್ನು ಎರಡು ಡಬ್ಬಿಗಳ ಮೇಲೆ ಕೂರಿಸಿ, ಕೆಳಗೊಂದು ಕನ್ನಡಿ ಇಟ್ಟುಕೊಂಡರೆ ಮುಂಭಾಗ ಸದಾ ಕಾಣುತ್ತಿರುತ್ತದೆ. ಒಣಗಲು ಬಿಟ್ಟ ಹೊತ್ತಿನಲ್ಲಿ ಸೆನೆಗಲ್‌ನ ಗಾಯಕ ಯೂಸೂ ನ್ದೂರ್ ಹಾಡು ಹಾಕಿಕೊಳ್ಳಿ. ಅವರು ಜಗತ್ತಿಗೆ ಕೇಳಿಸಿದ ಸಂಗೀತಕ್ಕೆ ಮ್ಬಲಾಖ್ ಅಂತ ಹೆಸರು, ಅದು ಸಬಾರ್ ಗುಂಪಿನಲ್ಲಿ ಹಿಂದೆ ಬಿಡದೆ ಓಡುವ ಒಂದು ನಡೆಯ ಹೆಸರೇ. ಕೋಲಿನ ಚುರುಕು ಪೆಟ್ಟು ಎಲ್ಲಿ, ಅಂಗೈ ಎಲ್ಲಿ ಅಂತ ಬೇರೆ ಮಾಡಿ ಕೇಳುವ ಆಟ ಆಡಿ.

ಹಿನ್ನೆಲೆ ಕಟ್ಟಕಡೆಗೆ. ಒಂದೇ ಬಣ್ಣ, ಹಳದಿಯೋ ನೀಲಿಯೋ, ಪೂರ್ತಿ ಬಳಿದುಬಿಡಿ. ಬೆಳಕಿಗೆ ಹಿಡಿದು ತೂತು ಕಂಡ ಕಡೆ ಇನ್ನೊಂದು ಕೈ ಹಚ್ಚಿ. ಪೂರ್ತಿ ಒಣಗಲು ಎರಡು ಮೂರು ದಿನ ಕೊಟ್ಟು, ಹಿಂದೆ ರಟ್ಟು ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಸುತ್ತಿ. ಡಕಾರ್‌ನಲ್ಲೂ ರಟ್ಟು, ಟೇಪ್‌ನಲ್ಲೇ ಮುಗಿಸುತ್ತಾರೆ. ರಟ್ಟಿನ ಬದಲು ನ್ಯೂಸ್‌ಪೇಪರ್ ಇಡಬೇಡಿ, ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೆವರುವ ಗೋಡೆಗೂ ನೇತುಹಾಕಬೇಡಿ, ತೇವಕ್ಕೆ ಬಣ್ಣ ಗಾಜು ಬಿಟ್ಟು ಏಳುತ್ತದೆ.

ನನ್ನ ಎಡಚ ಈಗ ಅಡುಗೆಮನೆ ಬಾಗಿಲ ಮೇಲಿದ್ದಾನೆ. ಎದುರುಗಡೆ ಗೋಡೆಗೊಂದು ಕನ್ನಡಿ ಹಾಕಿದ್ದೇನೆ, ಅದರಲ್ಲಿ ಅವನು ಬಲಗೈಯಲ್ಲೇ ಬಾರಿಸುತ್ತಾನೆ.