ವೆಲ್ಡಿಂಗ್ ಸ್ಲ್ಯಾಗ್: ಟ್ರೇಲರ್ ಮೂಕಿ ಕಿತ್ತೋದ್ಮೇಲೆ ನಾನು ಕಲ್ತಿದ್ದು

ನಮ್ಮ ಶೆಡ್ ಇರೋದು ಮದ್ದೂರು ಕಡೆ, ರೋಡ್ ಪಕ್ಕ. ಗೇಟು, ಕಿಟಕಿ ಗ್ರಿಲ್ಲು, ಶೀಟ್ ಹಾಕೋ ಟ್ರಸ್ಸು ಇವೆಲ್ಲ ವರ್ಷಪೂರ್ತಿ ಇದ್ದಿದ್ದೇ, ಕಬ್ಬು ಕಡಿಯೋ ಟೈಮ್ ಬಂತು ಅಂದ್ರೆ ಮಾತ್ರ ಟ್ರೇಲರ್ ರಿಪೇರಿ ಬಿಟ್ಟು ಬೇರೆ ಯಾವುದಕ್ಕೂ ಕೈ ಬಿಡುವಾಗಲ್ಲ. ಸ್ವಂತ ಶೆಡ್ ಹಾಕಿ ಎರಡನೇ ವರ್ಷ ಇರ್ಬೇಕು, ಒಬ್ರು ಯಜಮಾನ್ರು ಟ್ರೇಲರ್ ಮೂಕಿ (ಟ್ರ್ಯಾಕ್ಟರ್‌ಗೆ ಸಿಕ್ಕಿಸೋ ಮುಂದಿನ ತೊಲೆ) ಬಿರುಕು ಬಿಟ್ಟಿದೆ ಅಂತ ಸಾಯಂಕಾಲ ತಂದು ನಿಲ್ಸಿದ್ರು, ಬೆಳಿಗ್ಗೆ ಲೋಡ್ ಇದೆ, ಇವತ್ತೇ ಬೇಕು ಅಂದ್ರು. ನಾನೂ ವೆಲ್ಡ್ ಹೊಡೆದು ಕೊಟ್ಟೆ. ನೋಡೋಕೆ ಏನ್ ಚೆನ್ನಾಗಿತ್ತು ಅಂತೀರಾ, ಜೋಡ್ಸಿಟ್ಟ ನಾಣ್ಯದ ಸಾಲು ಥರ ಬೀಡು (ವೆಲ್ಡ್ ಮಾಡಿದ ಲೋಹದ ಸಾಲಿಗೆ ನಾವು ಹಂಗಂತೀವಿ), ನಾನೇ ಫೋಟೋ ತೆಗ್ದಿಟ್ಕೊಂಡೆ.

ಎರಡು ವಾರ ಆಗಿರ್ಬೇಕು ಅಷ್ಟೇ, ನಾಲೆ ಏರಿ ಹತ್ತುವಾಗ ಫುಲ್ ಲೋಡ್‌ನಲ್ಲಿ ಮೂಕಿ ಕಿತ್ತೋಯ್ತು. ಟ್ರೇಲರ್ ಹಿಂದಕ್ಕೆ ಜಾರಿ ಗದ್ದೆ ಕಡೆ ವಾಲ್ಕೊಂಡು ಕಬ್ಬೆಲ್ಲ ಚೆಲ್ಲಾಪಿಲ್ಲಿ, ಹಿಂದೆ ಯಾರೂ ಬರ್ತಿರ್ಲಿಲ್ಲ ಸದ್ಯ. ಯಜಮಾನ್ರು ಬೈಲಿಲ್ಲ, ಅದೇ ಜಾಸ್ತಿ ನೋವಾಗಿದ್ದು. ಮುರಿದ ತುಂಡು ತಂದು ನನ್ನ ಬೆಂಚ್ ಮೇಲೆ ಇಟ್ಟು "ಮ್ಯಾಲೆ ಚೆನ್ನಾಗೇ ಅದೆ ಕಣಪ್ಪ, ಒಳಗೆ ನೋಡು" ಅಂದ್ರು.

ನೋಡಿದೆ. ಮುರಿದ ಜಾಗದಲ್ಲಿ ಕಬ್ಬಿಣ ಬೂದು ಬಣ್ಣಕ್ಕೆ ಹರಳು ಹರಳಾಗಿ ಹೊಳೀತಿದೆ, ಅದ್ರ ಮಧ್ಯ ಪೆನ್ಸಿಲ್ ಕಡ್ಡಿ ದಪ್ಪಕ್ಕೆ ಒಂದು ಕರೀ ಗೆರೆ, ನಾಲ್ಕು ಬೆರಳು ಉದ್ದ. ಉಗುರಲ್ಲಿ ಕೆರೆದ್ರೆ ಗಾಜಿನ ಥರ ಪುಡಿ ಉದುರ್ತು. ಸ್ಲ್ಯಾಗ್, ಅಂದ್ರೆ ರಾಡಿನ ಲೇಪ ಕರಗಿ ಬೀಡಿನ ಮೇಲೆ ಗಟ್ಟಿಯಾಗೋ ಚಕ್ಕೆ. ಫಸ್ಟ್ ಪಾಸ್, ಅಂದ್ರೆ ಮೊದಲ ಸಾಲು, ಹೊಡೆದ್ಮೇಲೆ ಕತ್ತಲಾಗ್ತಿದೆ ಅಂತ ಸುತ್ತಿಗೇಲಿ ನಾಲ್ಕು ಏಟು ಹಾಕಿ, ಮೂಲೇಲಿ ಉಳಿದಿದ್ದನ್ನ ಹಂಗೇ ಬಿಟ್ಟು ಅದ್ರ ಮೇಲೆ ಎರಡನೇ ಪಾಸ್ ಎಳ್ದಿದ್ದೆ. ಮೇಲಿನ ಪಾಸ್ ಬಿಸಿಗೆ ಕೆಳಗಿಂದು ಕರಗಿ ಮೇಲೆ ಬರುತ್ತೆ ಬಿಡು ಅಂತ ನಮ್ಮಲ್ಲಿ ತುಂಬಾ ಜನ ಹೇಳ್ತಾರೆ. ತೆಳ್ಳಗೆ ಪದರ ಇದ್ರೆ ಕೆಲವು ಸಲ ಬರುತ್ತೆ ಕೂಡ. ಆದ್ರೆ ಬೀಡಿನ ಅಂಚಲ್ಲಿ ಸಂದಿಗೆ ಸಿಕ್ಕಾಕೊಂಡಿರೋದು ಬರಲ್ಲ, ಅಲ್ಲೇ ಕೂತ್ಕೊಂಡು ಒಳಗಿಂದ ಬಿರುಕಿಗೆ ದಾರಿ ಮಾಡ್ಕೊಡುತ್ತೆ.

ನಮ್ಮೂರಲ್ಲಿ ಯಾರಿಗಾದ್ರೂ ಇದನ್ನ ಹೇಳ್ಬೇಕಾದ್ರೆ ನಾನು ಆಲೆಮನೆ ಲೆಕ್ಕದಲ್ಲೇ ಹೇಳೋದು. ಕೊಪ್ಪರಿಗೇಲಿ ಕಬ್ಬಿನ ಹಾಲು ಕಾಯೋವಾಗ ಬೆಂಡೆ ಗಿಡ ಜಜ್ಜಿದ ಲೋಳೆ ಹಾಕ್ತಾರಲ್ಲ, ಅದು ಕೊಳೆನೆಲ್ಲ ಹಿಡ್ಕೊಂಡು ಮೇಲೆ ತೇಲುತ್ತೆ, ಆಮೇಲೆ ಅದನ್ನ ತೆಗೀತಾರೆ. ವೆಲ್ಡಿಂಗ್ ರಾಡ್ ಮೇಲೆ ಲೇಪ ಮಾಡಿರೋ ಫ್ಲಕ್ಸ್ ಮಾಡೋದೂ ಹೆಚ್ಚುಕಮ್ಮಿ ಅದೇ ಕೆಲ್ಸ. ಕರಗಿದ ಲೋಹದಲ್ಲಿರೋ ಕೊಳೆ ಹಿಡ್ಕೊಂಡು ಮೇಲೆ ಬರುತ್ತೆ, ಬಂದು ಹೊದಿಕೆ ಥರ ಮುಚ್ಕೊಂಡು ಬಿಸಿ ಬೀಡಿಗೆ ಗಾಳಿ ತಗುಲದ ಹಾಗೆ ನೋಡ್ಕೊಳ್ಳುತ್ತೆ, ನಿಧಾನಕ್ಕೆ ಆರೋಕೂ ಬಿಡುತ್ತೆ. ಹಳೇ ಕಮ್ಮಾರ್ರು ಕುಲುಮೇಲಿ ಬರೋದನ್ನ ಕಿಟ್ಟ ಅಂತಿದ್ರು, ಇದೂ ಅದೇ ಜಾತಿ. ಒಂದೇ ವ್ಯತ್ಯಾಸ ಅಂದ್ರೆ ಆಲೆಮನೇಲಿ ಗಂಟೆಗಟ್ಲೆ ಟೈಮ್ ಇರುತ್ತೆ, ನಮ್ಗೆ ಲೋಹ ನೀರಾಗಿರೋ ಒಂದೆರಡು ಸೆಕೆಂಡ್ ಅಷ್ಟೇ. ಅಷ್ಟರೊಳಗೆ ಸ್ಲ್ಯಾಗ್ ತೇಲ್ಕೊಂಡು ಮೇಲೆ ಬರ್ಬೇಕು, ಇಲ್ಲಾಂದ್ರೆ ಒಳಗೇ ಹೆಪ್ಪುಗಟ್ಟುತ್ತೆ.

ಹಂಗಾಗಿ ಕರೆಂಟ್ ಕಮ್ಮಿ ಇಟ್ರೆ ಮೊದ್ಲು ಕೈ ಕೊಡೋದೇ ಇಲ್ಲಿ. ಆವಾಗ ನನ್ನತ್ರ ಇದ್ದಿದ್ದು ವೆಲ್ಡಿಂಗ್‌ನ ಹಳೇ ಟ್ರಾನ್ಸ್‌ಫಾರ್ಮರ್ ಸೆಟ್ಟು, ಸಂಜೆ ಪಂಪ್‌ಸೆಟ್‌ಗಳೆಲ್ಲ ಶುರುವಾದ್ರೆ ವೋಲ್ಟೇಜ್ ಬಿದ್ದೋಗೋದು, ಬೀಡಿನ ಮಧ್ಯಾನೇ ಆರ್ಕ್ (ರಾಡ್ ತುದೀಲಿ ಉರಿಯೋ ಕರೆಂಟಿನ ಕಿಡಿ) ಸಪ್ಪಗಾಗೋದು, ಆ ಜಾಗದಲ್ಲಿ ಸ್ಲ್ಯಾಗ್ ಸುತ್ತಿಗೇಲಿ ಬಡಿದ್ರೂ ಬಿಡ್ತಿರ್ಲಿಲ್ಲ. ಈಗ ಇನ್ವರ್ಟರ್ ಮಷೀನು. ದಿನಾ ಉಪಯೋಗ್ಸೋ 6013 ನಂಬರಿನ ರಾಡ್‌ನಲ್ಲಿ 3.15 ಎಂಎಂಗೆ 110ರಿಂದ 120 ಆಂಪ್ಸ್ ಇಡ್ತೀನಿ, 2.5ಕ್ಕೆ 75–85, ತೆಳ್ಳನೆ ಪೈಪ್ ಆದ್ರೆ ಇನ್ನೂ ಇಳಿಸ್ತೀನಿ. ಮಷೀನ್ ಮೇಲಿನ ನಂಬರ್ ಒಂದೊಂದ್ರಲ್ಲಿ ಒಂದೊಂದ್ ಥರ ಇರುತ್ತೆ, ಅದಕ್ಕೇ ಗುಜರಿ ತುಂಡಿನ ಮೇಲೆ ಒಂದು ಇಂಚು ಎಳೆದು ನೋಡಿನೇ ಕೆಲ್ಸಕ್ಕೆ ಕೈ ಹಾಕೋದು.

ಸರಿಯಾಗಿದ್ಯಾ ಅಂತ ನಂಗೆ ಹೇಳೋದೂ ಸ್ಲ್ಯಾಗೇ. ಹಣ್ಣಾದ ಹುಣಸೆಕಾಯಿ ಸಿಪ್ಪೆ ಬಿಡುತ್ತಲ್ಲ, ಒಂದು ಏಟಿಗೆ ಹಂಗೆ ಬಿಟ್ಕೊಳ್ಬೇಕು, ಕೆಲವು ಸಲ ಏಟೂ ಬೇಡ, ಆರ್ತಾ ಆರ್ತಾ ತಾನೇ ಟಿಕ್ ಟಿಕ್ ಅಂತ ಸುರುಳಿ ಸುತ್ಕೊಂಡು ಏಳುತ್ತೆ. ಕಾಯಿ ಹುಣಸೆ ಸಿಪ್ಪೆ ಥರ ಕಚ್ಕೊಂಡಿದ್ರೆ ಏನೋ ತಪ್ಪಾಗಿದೆ, ಅದ್ರಲ್ಲೂ ಎರಡೂ ಅಂಚಲ್ಲಿ ಉದ್ದಕ್ಕೆ ಗೆರೆ ಎಳ್ದಂಗೆ ಉಳ್ಕೊಂಡಿದ್ರೆ ಬೀಡು ಹಗ್ಗದ ಥರ ಉಬ್ಬಿದೆ, ಪಕ್ಕದಲ್ಲಿ ಚರಂಡಿ ಆಗಿದೆ ಅಂತ ಅರ್ಥ. ಕರೆಂಟ್ ಸ್ವಲ್ಪ ಏರ್ಸಿ, ಅಂಚಲ್ಲಿ ಒಂದು ಕ್ಷಣ ನಿಂತು ಹೋದ್ರೆ ಅದು ಸರಿಹೋಗುತ್ತೆ.

ನಾನು ಕಲಿಯೋಕೆ ಜಾಸ್ತಿ ಟೈಮ್ ತಗೊಂಡಿದ್ದು ಅಂದ್ರೆ ಹೆಲ್ಮೆಟ್ಟಿನ ಕಪ್ಪು ಗ್ಲಾಸ್ ಹಿಂದಿಂದ ನೋಡುವಾಗ ಯಾವ್ದು ಲೋಹ ಯಾವ್ದು ಸ್ಲ್ಯಾಗು ಅಂತ ಗುರುತು ಹಿಡಿಯೋದು. ಎರಡೂ ಉರಿಯೋ ನೀರು ಥರಾನೇ ಕಾಣುತ್ತೆ. ಹೊಸಬ್ರು ಅಷ್ಟೂ ಹೊಳೆಯೋದನ್ನ ನೋಡಿ ಆಹಾ ಎಷ್ಟು ಚೆನ್ನಾಗಿ ತುಂಬ್ತಿದೆ ಅಂದ್ಕೊಳ್ತಾರೆ, ಚಿಪ್ ಮಾಡಿದ್ಮೇಲೆ, ಅಂದ್ರೆ ಸ್ಲ್ಯಾಗ್ ಬಡಿದು ತೆಗೆದ್ಮೇಲೆ, ನೋಡಿದ್ರೆ ಅಲ್ಲಿ ಗುಂಡಿ. ಗಮನ ಇಟ್ಟು ನೋಡಿದ್ರೆ ಲೋಹ ಆರ್ಕ್ ಕೆಳಗೇ ನಯವಾಗಿ ಕನ್ನಡಿ ಥರ ಇರುತ್ತೆ, ಸ್ಲ್ಯಾಗ್ ಅದ್ರ ಹಿಂದೆ ಕೆನೆ ಥರ ತೇಲಾಡ್ತಾ ಬರುತ್ತೆ. ಆ ಕೆನೆ ಹಿಂದೇನೇ ಇರ್ಬೇಕು. ಮುಂದೆ ನುಗ್ಗಿ ಆರ್ಕ್ ಕೆಳಗೆ ಬಂತೋ, ನೀವು ಬೆಸೀತಿರೋದು ಸ್ಲ್ಯಾಗ್ ಮೇಲೆ.

ಮುಂದೆ ಬರದ ಹಾಗೆ ನಾನು ಮಾಡೋದು ಇಷ್ಟು: ರಾಡನ್ನ ಹೋಗ್ತಿರೋ ಕಡೆಗೆ ಸ್ವಲ್ಪ ವಾಲ್ಸಿ ಎಳ್ಕೊಂಡು ಹೋಗೋದು, ತಳ್ಳೋದಲ್ಲ, ಆಗ ಆರ್ಕ್ ಹೊಡೆತಕ್ಕೆ ಸ್ಲ್ಯಾಗ್ ಹಿಂದಕ್ಕೇ ಹೋಗುತ್ತೆ. ಆರ್ಕ್ ಗಿಡ್ಡ ಇರ್ಬೇಕು, ರಾಡಿನ ಒಳಗಿನ ತಂತಿ ದಪ್ಪದಷ್ಟು ದೂರ ಸಾಕು. ಇನ್ನೊಂದು, ಜಾಬ್ ಇಟ್ಟಿರೋ ಬೆಂಚು ಸಮ ಇಲ್ಲಾಂದ್ರೆ ಇಳಿಜಾರಿನ ಕಡೆ ಹೋಗ್ಬೇಡಿ, ಸ್ಲ್ಯಾಗ್ ನಿಮ್ಗಿಂತ ಮುಂಚೆ ಓಡುತ್ತೆ. ನಾನಂತೂ ಆದಷ್ಟೂ ತುಂಡಿನ ಒಂದು ತುದಿಗೆ ಏನಾದ್ರೂ ಚೂರು ಇಟ್ಟು ಏರಿನ ಕಡೆ ಹೊಡೀತೀನಿ. ನಿಂತಿರೋ ಜಾಯಿಂಟನ್ನ ಮೇಲಿಂದ ಕೆಳಕ್ಕೆ ಸರ್ರಂತ ಎಳೆಯೋದು ಗ್ರಿಲ್ ಕೆಲ್ಸಕ್ಕೆ ಓಕೆ, ಭಾರ ಹೊರೋ ಕೆಲ್ಸಕ್ಕೆ ಕೆಳಗಿಂದ ಮೇಲಕ್ಕೇ ಹೋಗೋದು, ನಿಧಾನ ಆದ್ರೂ ಪರ್ವಾಗಿಲ್ಲ.

ರಾಡ್ ಮುಗಿದು ಹೊಸ ರಾಡ್ ಹಚ್ಚೋ ಜಾಗ ಇನ್ನೊಂದು ಕಳ್ಳ. ನಿಲ್ಸಿದ ಕಡೆ ಸಣ್ಣ ಗುಂಡಿ ಆಗಿರುತ್ತಲ್ಲ, ಅದನ್ನ ಚಿಪ್ ಮಾಡಿ ಬ್ರಷ್ ಹೊಡೆದು, ಅರ್ಧ ಇಂಚು ಮುಂದೆ ಆರ್ಕ್ ಹಚ್ಚಿ, ಹಿಂದಕ್ಕೆ ಗುಂಡಿಗೆ ಬಂದು ಅದನ್ನ ತುಂಬ್ಸಿ ಆಮೇಲೆ ಮುಂದೆ ಹೋಗೋದು. ತೆಳ್ಳನೆ ಚೌಕ ಪೈಪಲ್ಲಿ ತೂತು ಬೀಳುತ್ತೆ ಅಂತ ಚುಕ್ಕಿ ಚುಕ್ಕಿಯಾಗಿ ಹೊಡೀತಾರೆ, ಮಧ್ಯ ಚಿಪ್ಪಿಂಗೇ ಇಲ್ಲ, ಅದ್ರೊಳಗೆ ಅರ್ಧ ಸ್ಲ್ಯಾಗೇ ಇರುತ್ತೆ. ನಾನೂ ಹೊಡೆದಿದ್ದೀನಿ, ಸುಳ್ಳು ಯಾಕೆ ಹೇಳ್ಲಿ.

ಚಿಪ್ಪಿಂಗ್ ವಿಷ್ಯ. ಕೆಂಪಗಿರುವಾಗ್ಲೇ ಹೊಡೀಬೇಡಿ, ಮೆತ್ತಗಿರುತ್ತೆ, ಸರಿಯಾಗಿ ಬಿಡಲ್ಲ, ಹಾರಿದ್ದು ಎಲ್ಲಿ ಬೀಳುತ್ತೋ ಅಲ್ಲಿ ಸುಡುತ್ತೆ. ಕಪ್ಪಾಗೋವರೆಗೂ ಒಂದು ಬೀಡಿ ಸೇದೋಷ್ಟು ಹೊತ್ತು ಬಿಡಿ (ನಾನು ಬೀಡಿ ಬಿಟ್ಟು ಆರು ವರ್ಷ ಆಯ್ತು, ಟೀ ಕುಡೀತೀನಿ). ಹೆಲ್ಮೆಟ್ ಮೇಲಕ್ಕೆತ್ತಿ ಬರೀ ಕಣ್ಣಲ್ಲಿ ಬಗ್ಗಿ ಹೊಡೆಯೋ ಅಭ್ಯಾಸ ನಂಗೂ ಇತ್ತು, ಒಂದಿನ ಚೂರು ಎಗರಿ ಬಲಗಣ್ಣಿಗೆ ಬಿತ್ತು, ಉಜ್ಜಿ ಉಜ್ಜಿ ಇನ್ನೂ ಹಾಳ್ ಮಾಡ್ಕೊಂಡು ರಾತ್ರಿಯೆಲ್ಲ ನೀರು ಸುರೀತು, ಬೆಳಿಗ್ಗೆ ಡಾಕ್ಟ್ರು ಮರಗಟ್ಟೋ ಡ್ರಾಪ್ಸ್ ಹಾಕಿ ಸೂಜಿ ತುದೀಲಿ ತೆಗೆದ್ರು. ಸೂಜಿ ಕಣ್ಣ ಹತ್ರ ಬರೋದು ಕಾಣ್ತಿರುತ್ತೆ, ಕಣ್ಣು ಮುಚ್ಚೋ ಹಾಗಿಲ್ಲ. ಅವತ್ತಿಂದ ಹೆಲ್ಮೆಟ್ ಒಳಗೇ ಬಿಳಿ ಗಾಗಲ್ಸ್ ಹಾಕ್ಕೊಂಡಿರ್ತೀನಿ, ತೆಗೆಯೋದೇ ಇಲ್ಲ. ಹವಾಯಿ ಚಪ್ಪಲೀಲಿ ಬರೋ ಹುಡುಗ್ರನ್ನೂ ವಾಪಸ್ ಕಳಿಸ್ತೀನಿ.

ಚಿಪ್ ಆದ್ಮೇಲೆ ತಂತಿ ಬ್ರಷ್, ಅದ್ರಲ್ಲೂ ಬಿಡದ ಅಂಚಿಗೆ ನಾಲ್ಕಿಂಚು ಗ್ರೈಂಡರ್. ಪೇಂಟ್ ಹೊಡೆಯೋ ಕೆಲ್ಸ ಆದ್ರೆ ಇದಂತೂ ಬಿಡಂಗಿಲ್ಲ. ಸ್ಲ್ಯಾಗ್ ಮೇಲೆ ರೆಡ್ ಆಕ್ಸೈಡ್ ಹೊಡೆದ್ರೆ ಅವತ್ತು ಚೆನ್ನಾಗೇ ಕಾಣುತ್ತೆ, ಒಂದು ಮಳೆಗಾಲದಲ್ಲಿ ಚಕ್ಕೆ ಪೇಂಟ್ ಸಮೇತ ಉದುರಿ ಜಾಯಿಂಟ್ ಜಾಯಿಂಟಲ್ಲೂ ತುಕ್ಕಿನ ನೀರು ಇಳಿಯೋಕೆ ಶುರುವಾಗುತ್ತೆ.

ಮಿಗ್ ಮಷೀನ್ (ರಾಡ್ ಬದ್ಲು ತಂತಿ, ಫ್ಲಕ್ಸ್ ಬದ್ಲು ಗ್ಯಾಸ್) ತಗೋ, ಸ್ಲ್ಯಾಗ್ ತಲೆನೋವೇ ಇಲ್ಲ ಅಂತ ಸುಮಾರು ಜನ ಹೇಳಿದ್ರು. ನಿಜಾನೇ, ಸಾಲಿಡ್ ವೈರ್‌ನಲ್ಲಿ ಅಲ್ಲಲ್ಲಿ ಗಾಜಿನ ಚುಕ್ಕಿ ಬಿಟ್ರೆ ಏನೂ ಇರಲ್ಲ. ಆದ್ರೆ ನಮ್ಮದು ಮೂರು ಕಡೆ ತೆರೆದ ಶೆಡ್ಡು, ಗಾಳಿ ಬೀಸಿದ್ರೆ ಗ್ಯಾಸ್ ಹಾರೋಗುತ್ತೆ, ಅರ್ಧ ಕೆಲ್ಸ ಹೊಲದಲ್ಲಿ. ಅಲ್ಲಿಗೆ ಸಿಲಿಂಡರ್ ಹೊತ್ಕೊಂಡು ಹೋಗ್ಲಾ?

ಆ ಮೂಕಿ ಕಥೆಗೆ ಬರ್ತೀನಿ. ಹಳೇ ಬೀಡೆಲ್ಲ ಗ್ರೈಂಡರ್‌ನಲ್ಲಿ ಕೆರೆದು ಕರೀ ಗೆರೆ ಪೂರ್ತಿ ಹೋಗೋವರೆಗೂ ತೆಗ್ದು, ಎರಡೂ ಕಡೆ ಓರೆ ಮಾಡಿ ವಿ ಆಕಾರ ಬಿಡಿಸಿ, ಎರಡು ಎಂಎಂ ಸಂದಿ ಬಿಟ್ಟು 2.5 ರಾಡಲ್ಲಿ ಬುಡದ ಪಾಸ್ ಹೊಡೆದೆ. ಆ ಇಕ್ಕಟ್ಟಿಗೆ ದಪ್ಪ ರಾಡ್ ಇಳೀತಾನೇ ಇರ್ಲಿಲ್ಲ, ಮೊದಲ ಸಲ ಅದೂ ಒಂದು ತಪ್ಪು. ಪ್ರತಿ ಪಾಸ್ ಆದ್ಮೇಲೂ ಚಿಪ್, ಬ್ರಷ್, ಬ್ಯಾಟರಿ ಬಿಟ್ಟು ನೋಡೋದು, ಆಮೇಲೇ ಇನ್ನೊಂದು. ಮೂರು ಪಾಸ್ ಆದ್ಮೇಲೆ ಎರಡೂ ಪಕ್ಕ ಹತ್ತು ಎಂಎಂ ಪಟ್ಟಿ. ದುಡ್ಡು ತಗೊಳ್ಲಿಲ್ಲ.

ಈಗ ಕೆಲ್ಸಕ್ಕೆ ಸೇರೋ ಹುಡುಗ್ರಿಗೆ ಮೊದಲ ವಾರ ಒಂದೇ ಕೆಲ್ಸ. ಆರು ಎಂಎಂ ಪ್ಲೇಟ್ ಎರಡು ತುಂಡು ಟಿ ಥರ ನಿಲ್ಸಿ ಒಂದೇ ಕಡೆ ಹೊಡಿ, ಆಮೇಲೆ ದೊಡ್ಡ ಸುತ್ತಿಗೇಲಿ ಬೀಡಿನ ಕಡೆಗೆ ಬಡಿದು ಮಡಚಿ ಮುರಿ. ಮುರೀದೆ ಮಡಚ್ಕೊಂಡ್ರೆ ಸಂತೋಷ, ಮುರಿದ್ರೆ ಒಳಗೆ ಏನಿದೆ ಅಂತ ನೀನೇ ಹೇಳು. ಮೊನ್ನೆ ಸೇರಿದ ಹುಡುಗ ಐದನೇ ತುಂಡು ಮುರ್ಕೊಂಡು ಬಂದು "ಅಣ್ಣ, ಇದ್ರಲ್ಲಿ ಅಕ್ಕಿ ಕಾಳಷ್ಟೇ ಐತೆ" ಅಂದ.

ಆ ಟ್ರೇಲರ್ ಇನ್ನೂ ಓಡ್ತಿದೆ. ನಿನ್ನೆ ಬಂದಿತ್ತು, ಹಿಂದಿನ ಡೋರ್ ಕೊಂಡಿ ಕಿತ್ತೋಗಿದೆ ಅಂತ. ಕೊಂಡಿ ನಾನ್ ಹೊಡೆದಿದ್ದಲ್ಲ, ಆದ್ರೂ ಮೊದ್ಲು ಬಗ್ಗಿ ಮೂಕಿನೇ ನೋಡಿದೆ.