ಆ ಕೀ ಪ್ಯಾನೆಲ್‌ನಲ್ಲಿ ಇರಬಾರದು: ಸೇಫ್ಟಿ ಸಿಸ್ಟಮ್‌ಗೆ ಸೈಬರ್ ಕಾವಲು ಹಾಕುವುದು ಹೇಗೆ?

ಯಾವುದೇ ಕೆಮಿಕಲ್ ಘಟಕಕ್ಕೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಒಂದು ಸಣ್ಣ ಕೀಯನ್ನು. ಸೇಫ್ಟಿ ಸಿಸ್ಟಮ್‌ನ ಮಿದುಳಾದ ಸೇಫ್ಟಿ ಕಂಟ್ರೋಲರ್‌ನ ಮುಂಭಾಗದಲ್ಲಿ ಒಂದು ತಿರುಗಿಸುವ ಸ್ವಿಚ್ ಇರುತ್ತದೆ. ಅದರ ಸುತ್ತ ರನ್, ಪ್ರೋಗ್ರಾಮ್, ರಿಮೋಟ್, ಸ್ಟಾಪ್ ಎಂಬ ಗುರುತುಗಳು. ಒಂದು ಕಡೆ ಕ್ಯಾಬಿನೆಟ್ ಬಾಗಿಲು ತೆಗೆದಾಗ ಕೀ ಸ್ವಿಚ್‌ನಲ್ಲೇ ಇತ್ತು, ‘ಪ್ರೋಗ್ರಾಮ್’ ಕಡೆ ತಿರುಗಿತ್ತು. ಮುಟ್ಟಿದರೆ ಬೆರಳಿಗೆ ಧೂಳು ಅಂಟಿತು. “ಕಮಿಷನಿಂಗ್ ಆದಾಗಿನಿಂದ ಹಾಗೇ ಇದೆ ಸಾರ್, ಪದೇ ಪದೇ ಬೇಕಾಗುತ್ತಲ್ಲ” ಎಂದರು ಜೊತೆಗಿದ್ದವರು. ಇದೇ ತಪ್ಪನ್ನು ಹಲವು ಕಡೆ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಸೇಫ್ಟಿ ಸಿಸ್ಟಮ್ ಎಂದರೆ ಘಟಕ ನಡೆಸುವ ಕಂಪ್ಯೂಟರ್ ಅಲ್ಲ. ನಡೆಸುವುದು ಡಿಸಿಎಸ್, ಅಂದರೆ ಘಟಕದ ದಿನನಿತ್ಯದ ನಿಯಂತ್ರಣ ವ್ಯವಸ್ಥೆ. ಸೇಫ್ಟಿ ಸಿಸ್ಟಮ್ ಪಕ್ಕದಲ್ಲಿ ಸುಮ್ಮನೆ ಕಾಯುತ್ತಿರುತ್ತದೆ. ಒತ್ತಡವೋ ಉಷ್ಣಾಂಶವೋ ಮಿತಿ ಮೀರಿದರೆ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಎಲ್ಲವನ್ನೂ ಟ್ರಿಪ್ ಮಾಡುತ್ತದೆ, ಅಂದರೆ ಸುರಕ್ಷಿತವಾಗಿ ನಿಲ್ಲಿಸಿಬಿಡುತ್ತದೆ. ಅದನ್ನೇ ಯಾರಾದರೂ ಹಾಳುಮಾಡಿದರೆ ಘಟಕ ಮೊದಲಿನಂತೆಯೇ ಓಡುತ್ತಿರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬೇಕಾದ ದಿನ ಮಾತ್ರ ವಾಲ್ವ್ ಮುಚ್ಚುವುದಿಲ್ಲ.

ಇದು ಬರೀ ಊಹೆಯಲ್ಲ. 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಘಟಕದಲ್ಲಿ ದಾಳಿಕೋರರು ಶ್ನೈಡರ್ ಎಲೆಕ್ಟ್ರಿಕ್‌ನ ಟ್ರೈಕಾನೆಕ್ಸ್ ಸೇಫ್ಟಿ ಕಂಟ್ರೋಲರ್‌ಗಳ ಒಳಗೆ ತಮ್ಮ ಕೋಡ್ ತುರುಕಿದರು. ಆ ಮಾಲ್ವೇರ್‌ಗೆ ಟ್ರೈಟನ್ ಎಂಬ ಹೆಸರು ಬಿತ್ತು. ಅಲ್ಲಿಯೂ ಕೀ ‘ಪ್ರೋಗ್ರಾಮ್’ ಕಡೆಗೇ ಇತ್ತು. ಆ ಕಂಟ್ರೋಲರ್‌ನಲ್ಲಿ ಮೂರು ಪ್ರೊಸೆಸರ್‌ಗಳು ಒಂದೇ ಲೆಕ್ಕ ಮಾಡಿ ಪರಸ್ಪರ ತಾಳೆ ನೋಡುತ್ತವೆ. ದಾಳಿಕೋರರ ಯತ್ನದಲ್ಲಿ ಆ ತಾಳೆ ತಪ್ಪಿತು, ಕಂಟ್ರೋಲರ್ ಘಟಕವನ್ನು ನಿಲ್ಲಿಸಿತು. ಹಾಗಾಗಿಯೇ ವಿಷಯ ಹೊರಬಂತು.

ಹಂತ 1: ಏನೇನಿದೆ ಬರೆದಿಡಿ

ಕಂಟ್ರೋಲರ್, ಫರ್ಮ್‌ವೇರ್ (ಅದರೊಳಗಿನ ಮೂಲ ಸಾಫ್ಟ್‌ವೇರ್) ಆವೃತ್ತಿ, ಅದಕ್ಕೆ ಬರುವ ಪ್ರತಿಯೊಂದು ಕೇಬಲ್. ಹಳೆಯ ಡ್ರಾಯಿಂಗ್ ನೋಡಿ ಬರೆಯಬೇಡಿ, ಕ್ಯಾಬಿನೆಟ್ ತೆಗೆದು ಕೈಯಲ್ಲಿ ಹಿಡಿದು ನೋಡಿ ಬರೆಯಿರಿ.

ಹಂತ 2: ನೆಟ್‌ವರ್ಕ್ ಬೇರೆ ಮಾಡಿ

ಸೇಫ್ಟಿ ಕಂಟ್ರೋಲರ್ ಮತ್ತು ಅದರ ಇಂಜಿನಿಯರಿಂಗ್ ಕಂಪ್ಯೂಟರ್ (ಅದಕ್ಕೆ ಪ್ರೋಗ್ರಾಮ್ ಬರೆದು ಕಳಿಸುವ ಕಂಪ್ಯೂಟರ್) ತಮ್ಮದೇ ನೆಟ್‌ವರ್ಕ್‌ನಲ್ಲಿರಲಿ. ಡಿಸಿಎಸ್ ಪರದೆಗೆ ಮಾಹಿತಿ ಬೇಕೇಬೇಕು, ಅದು ಓದಲು ಮಾತ್ರ ಹೋಗಲಿ. ಒಂದೇ ದಿಕ್ಕಿಗೆ ಡೇಟಾ ಬಿಡುವ ಡೇಟಾ ಡಯೋಡ್ ಹಾಕಿದರೆ ಇನ್ನೂ ಒಳ್ಳೆಯದು. ಟ್ರಿಪ್ ಸಿಗ್ನಲ್‌ಗಳು ನೆಟ್‌ವರ್ಕ್ ಮೇಲೆ ಹೋಗಲೇಬಾರದು, ತಾಮ್ರದ ತಂತಿಯಲ್ಲೇ ಹೋಗಬೇಕು. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಒಂದು ಎಚ್ಚರಿಕೆ. ಮೇಲೆ ‘ಇಂಡಸ್ಟ್ರಿಯಲ್’ ಎಂದು ಬರೆದಿದ್ದರೂ ಒಳಗೆ ಸಾಮಾನ್ಯ ಆಫೀಸ್ ಫೈರ್‌ವಾಲ್ ಇರುವ ಪೆಟ್ಟಿಗೆಗಳು ಬೇಕಾದಷ್ಟಿವೆ. ಮಾಡ್‌ಬಸ್‌ನಲ್ಲಿ (ಕಂಟ್ರೋಲರ್‌ಗಳು ಮಾತಾಡುವ ಒಂದು ಭಾಷೆ) ಓದುವ ಆದೇಶ ಯಾವುದು, ಬರೆಯುವ ಆದೇಶ ಯಾವುದು ಎಂದು ಬೇರೆ ಮಾಡಿ ತಡೆಯಲು ಆಗುತ್ತದೆಯೇ ಎಂದು ಕೇಳಿ. ತೋರಿಸಿ ಎನ್ನಿ. ತೋರಿಸದಿದ್ದರೆ ಕೊಳ್ಳಬೇಡಿ. ಹಾಗೆಯೇ ‘ದೂರದಿಂದಲೇ ಸರ್ವಿಸ್ ಮಾಡ್ತೀವಿ’ ಎಂದು ಹೇಳಿ ಕ್ಯಾಬಿನೆಟ್ ಒಳಗೆ ಸಿಮ್ ಇರುವ ರೂಟರ್ ಇಟ್ಟು ಹೋಗುವವರಿದ್ದಾರೆ. ಕಂಡ ತಕ್ಷಣ ಕಿತ್ತು ಹಾಕಿ.

ಹಂತ 3: ಇಂಜಿನಿಯರಿಂಗ್ ಕಂಪ್ಯೂಟರ್ ಆ ಕೆಲಸಕ್ಕೆ ಮಾತ್ರ

ಅದರಲ್ಲಿ ಮೇಲ್ ಬೇಡ, ಇಂಟರ್ನೆಟ್ ಬೇಡ, ವೈಫೈ ಬೇಡ. ಬೀಗವಿರುವ ಕೋಣೆಯಲ್ಲಿರಲಿ. ಟ್ರೈಟನ್ ದಾಳಿ ಕಂಟ್ರೋಲರ್ ತಲುಪಿದ್ದು ಇಂಥದೇ ಕಂಪ್ಯೂಟರ್ ಮೂಲಕ. ಲಾಗ್ ಓದುವ ಅಸಲಿ ಸಾಫ್ಟ್‌ವೇರ್‌ನ ಹೆಸರನ್ನೇ ಇಟ್ಟುಕೊಂಡು ಅದು ಅಲ್ಲಿ ಕೂತಿತ್ತು. ಆದ್ದರಿಂದ ಒಪ್ಪಿಗೆ ಕೊಟ್ಟ ಪ್ರೋಗ್ರಾಮ್‌ಗಳು ಮಾತ್ರ ಓಡುವಂತೆ ಪಟ್ಟಿ ಹಾಕಿ. ಹೆಸರು ನೋಡಿ ಬಿಡುವ ಪಟ್ಟಿ ಸಾಲದು, ಫೈಲ್‌ನ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ನೋಡಿ ಬಿಡಬೇಕು. ಪೆನ್‌ಡ್ರೈವ್ ಎಲ್ಲಿಂದ ಬಂದರೂ ಬೇರೊಂದು ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಆಗದೆ ಒಳಗೆ ಬರಬಾರದು. ಹೊರಗಿನಿಂದ ಬಂದ ಸರ್ವಿಸ್ ಇಂಜಿನಿಯರ್ ತಮ್ಮ ಲ್ಯಾಪ್‌ಟಾಪ್ ಹಚ್ಚುತ್ತೇನೆ ಎಂದರೆ, ಅವರು ಎಷ್ಟೇ ಪರಿಚಯದವರಾಗಿದ್ದರೂ ಬೇಡ ಎನ್ನಿ. ನಿಮ್ಮ ಕಂಪ್ಯೂಟರ್ ಕೊಡಿ.

ಹಂತ 4: ಕೀ

ಎಲ್ಲರೂ ಎಡವುವುದು ಇಲ್ಲೇ. ಕೀ ‘ರನ್’ ಕಡೆ ಇದ್ದಾಗ ಕಂಟ್ರೋಲರ್ ಹೊರಗಿನಿಂದ ಬದಲಾವಣೆ ತೆಗೆದುಕೊಳ್ಳುವುದಿಲ್ಲ. ‘ರಿಮೋಟ್’ನಲ್ಲಿ ಹೊಸ ಲಾಜಿಕ್ (ಯಾವಾಗ ಏನನ್ನು ನಿಲ್ಲಿಸಬೇಕು ಎಂಬ ಪ್ರೋಗ್ರಾಮ್) ಹೋಗದಿದ್ದರೂ ಅದರಲ್ಲಿರುವ ಕೆಲವು ಸಂಖ್ಯೆಗಳನ್ನು ತಿದ್ದಬಹುದು. ‘ಪ್ರೋಗ್ರಾಮ್’ನಲ್ಲಿ ಲಾಜಿಕ್ಕನ್ನೇ ಬದಲಿಸಬಹುದು. ಅಂದರೆ ಕೀ ಅಲ್ಲಿರುವಷ್ಟು ಹೊತ್ತು ಬಾಗಿಲು ತೆರೆದೇ ಇದೆ.

‘ರಾತ್ರಿ ಕೀ ರನ್‌ಗೆ ತಿರುಗಿಸಿದರೆ ಆಯ್ತಲ್ವಾ’ ಎಂದು ಕೇಳುತ್ತಾರೆ. ಆಗಲಿಲ್ಲ. ಟ್ರೈಟನ್‌ನ ಕೋಡ್ ಒಮ್ಮೆ ಕಂಟ್ರೋಲರ್ ಮೆಮೊರಿಯಲ್ಲಿ ಕೂತ ಮೇಲೆ ಕೀ ಯಾವ ಕಡೆ ಇದ್ದರೂ ಲೆಕ್ಕಿಸದೆ ಕೆಲಸ ಮಾಡುವಂತೆ ಬರೆಯಲಾಗಿತ್ತು. ಕೀ ರಕ್ಷಣೆ ಕೊಡುವುದು ಅವರು ಒಳಗೆ ಬರುವ ಮುಂಚೆ ಮಾತ್ರ.

ಲಾಜಿಕ್ ಬದಲಿಸುವ ದಿನ ನಾನು ಮಾಡಿಸುವ ಕ್ರಮ ಹೀಗಿದೆ. ಇಬ್ಬರು ಬೇಕು. ಒಬ್ಬರು ಕಂಪ್ಯೂಟರ್ ಮುಂದೆ, ಇನ್ನೊಬ್ಬರು ಕ್ಯಾಬಿನೆಟ್ ಮುಂದೆ. ಏನು ಬದಲಾವಣೆ, ಯಾಕೆ, ಎಷ್ಟು ಹೊತ್ತು ಎಂದು ಬರೆದ ಪರ್ಮಿಟ್ ಕೈಯಲ್ಲಿರಬೇಕು. ಕೀ ಮುಟ್ಟುವ ಮುಂಚೆ, ಈಗ ಓಡುತ್ತಿರುವ ಲಾಜಿಕ್ಕನ್ನು ಕಾಪಾಡಿಟ್ಟ ಪ್ರತಿಯ ಜೊತೆ ತಾಳೆ ನೋಡಿ. ಒಂದು ಸಾಲು ವ್ಯತ್ಯಾಸ ಬಂದರೂ ಅಲ್ಲಿಗೇ ನಿಲ್ಲಿಸಿ. ‘ಯಾರೋ ಮಾಡಿ ಬರೆಯೋದು ಮರೆತಿರಬೇಕು’ ಎಂದು ಮುಂದೆ ಹೋಗಬೇಡಿ. ಯಾರು ಮಾಡಿದ್ದು ಎಂದು ಗೊತ್ತಾಗುವವರೆಗೆ ಅದನ್ನು ದಾಳಿ ಎಂದೇ ತಿಳಿಯಿರಿ.

ತಾಳೆ ಸರಿಯಿದ್ದರೆ ಶಿಫ್ಟ್ ಇನ್‌ಚಾರ್ಜ್ ಹತ್ತಿರ ಸಹಿ ಹಾಕಿ ಕೀ ತನ್ನಿ. ಕೀ ತಿರುಗಿಸಿದ ಕೂಡಲೇ ಕಂಟ್ರೋಲ್ ರೂಮಿನಲ್ಲಿ ಅಲಾರಂ ಬರಬೇಕು. ಕೀ ಯಾವ ಕಡೆ ಇದೆ ಎಂಬುದನ್ನು ಆಪರೇಟರ್ ಪರದೆಗೆ ತರುವುದು ಕಷ್ಟವಲ್ಲ, ಅದನ್ನು ಮಾಡಿಸದೆ ಬಿಡಬೇಡಿ. ಅಲಾರಂ ಬಾರದಿದ್ದರೆ ಕೆಲಸ ಮುಂದುವರಿಸಬೇಡಿ. ಹೊಸ ಲಾಜಿಕ್ ಕಂಟ್ರೋಲರ್‌ಗೆ ಡೌನ್‌ಲೋಡ್ ಆದ ಮೇಲೆ ಮತ್ತೆ ತಾಳೆ, ಆವೃತ್ತಿ ಸಂಖ್ಯೆ ರಿಜಿಸ್ಟರ್‌ಗೆ. ಆಮೇಲೆ ಕೀ ‘ರನ್’ಗೆ, ಕೀ ಹೊರಗೆ. ಪರದೆಯಲ್ಲಿ ಅಲಾರಂ ಹೋಯಿತೇ ಎಂದು ಆಪರೇಟರ್ ಬಾಯಿಂದಲೇ ಕೇಳಿ. ಕೀ ಪೆಟ್ಟಿಗೆಗೆ ವಾಪಸ್ ಹೋದ ಸಮಯ ಬರೆದ ಮೇಲೆಯೇ ಪರ್ಮಿಟ್ ಮುಚ್ಚಬೇಕು. ಶಿಫ್ಟ್ ಬದಲಾಗುವ ಹೊತ್ತಿಗೆ ಈ ಕೆಲಸ ಶುರು ಮಾಡಲೇಬೇಡಿ. ಕೀ ಮರೆತುಹೋಗುವುದು ಆ ಅರ್ಧ ಗಂಟೆಯಲ್ಲೇ ಜಾಸ್ತಿ. ಇನ್ನು, ಕೀ ನಿಜವಾಗಿ ತಡೆಯುತ್ತದೆಯೇ ಎಂದು ಓಡುತ್ತಿರುವ ಘಟಕದ ಮೇಲೆ ಡೌನ್‌ಲೋಡ್ ಮಾಡಿ ಪರೀಕ್ಷಿಸಬೇಡಿ. ಅದಕ್ಕೆ ಪರೀಕ್ಷೆಗೆಂದೇ ಇಟ್ಟ ಕಂಟ್ರೋಲರ್ ಇರಲಿ.

ನಿಮ್ಮ ಕಂಟ್ರೋಲರ್‌ನಲ್ಲಿ ಕೀ ಇಲ್ಲವೇ, ಬರೀ ಪಾಸ್‌ವರ್ಡ್ ಇದೆಯೇ? ಕಂಪನಿ ಹಾಕಿ ಕೊಟ್ಟ ಪಾಸ್‌ವರ್ಡ್ ಇವತ್ತೇ ಬದಲಿಸಿ. ಜೊತೆಗೆ ಇಂಜಿನಿಯರಿಂಗ್ ಕಂಪ್ಯೂಟರ್‌ನ ಕೇಬಲ್ಲನ್ನು ಕೆಲಸವಿಲ್ಲದಾಗ ಕಿತ್ತಿಡಿ.

ಹಂತ 5: ಬೈಪಾಸ್‌ಗೂ ಬೀಗ

ಟ್ರಾನ್ಸ್‌ಮಿಟರ್ (ಒತ್ತಡ, ಉಷ್ಣಾಂಶ ಅಳೆದು ಕಳಿಸುವ ಉಪಕರಣ) ರಿಪೇರಿಗೆಂದು ಟ್ರಿಪ್ ಬೈಪಾಸ್ ಮಾಡುವುದು, ಅಂದರೆ ಸ್ವಲ್ಪ ಹೊತ್ತು ತಡೆದಿಡುವುದು, ದಿನನಿತ್ಯದ ಕೆಲಸ. ಹಲವು ಕಡೆ ಅದನ್ನು ಡಿಸಿಎಸ್ ಪರದೆಯಿಂದಲೇ ಮಾಡುತ್ತಾರೆ. ಹಾಗಿದ್ದರೆ ಡಿಸಿಎಸ್ ಒಳಗೆ ಬಂದವನು ಲಾಜಿಕ್ ಮುಟ್ಟದೆಯೇ ಎಲ್ಲ ಟ್ರಿಪ್‌ಗಳನ್ನೂ ಮಲಗಿಸಬಹುದು. ಪರದೆಯಿಂದ ಬೈಪಾಸ್ ಮಾಡುವುದನ್ನು ತೆಗೆಯಲಾಗದಿದ್ದರೆ, ಪ್ಯಾನೆಲ್ ಮೇಲೆ ತಂತಿಯಲ್ಲಿ ಜೋಡಿಸಿದ ‘ಬೈಪಾಸ್ ಅನುಮತಿ’ ಕೀ ಸ್ವಿಚ್ ಇರಲಿ. ಅದು ತಿರುಗದೆ ಪರದೆಯ ಯಾವ ಆದೇಶವೂ ನಡೆಯಬಾರದು. ಒಂದು ಗುಂಪಿನ ಟ್ರಿಪ್‌ಗಳಲ್ಲಿ ಒಂದು ಸಲಕ್ಕೆ ಒಂದೇ ಬೈಪಾಸ್. ಸಮಯ ಮುಗಿದರೆ ಅಲಾರಂ.

ಹಾಗೆಯೇ ಕಂಪ್ಯೂಟರ್ ಇಲ್ಲದ ರಿಲೀಫ್ ವಾಲ್ವ್‌ಗಳನ್ನು (ಒತ್ತಡ ಹೆಚ್ಚಾದರೆ ತಾವೇ ತೆರೆಯುವ ವಾಲ್ವ್‌ಗಳು), ರಪ್ಚರ್ ಡಿಸ್ಕ್‌ಗಳನ್ನು (ಒತ್ತಡ ಹೆಚ್ಚಾದರೆ ಒಡೆದು ದಾರಿ ಬಿಡುವ ತಗಡುಗಳು) ‘ಸೇಫ್ಟಿ ಸಿಸ್ಟಮ್ ಇದೆಯಲ್ಲ’ ಎಂದು ತೆಗೆಯಬೇಡಿ. ಸ್ಪ್ರಿಂಗ್ ಮೇಲೆ ನಡೆಯುವ ವಾಲ್ವನ್ನು ಯಾರೂ ಹ್ಯಾಕ್ ಮಾಡಲಾರರು.

ಹಂತ 6: ಕಾರಣ ಗೊತ್ತಿಲ್ಲದ ಟ್ರಿಪ್ ಬಂದರೆ

ಸೌದಿ ಘಟಕ 2017ರ ಜೂನ್‌ನಲ್ಲೇ ಒಮ್ಮೆ ನಿಂತಿತ್ತು. ಹಾರ್ಡ್‌ವೇರ್ ತೊಂದರೆ ಇರಬಹುದೆಂದು ನೋಡಿ ಮತ್ತೆ ಚಾಲೂ ಮಾಡಿದರು. ದಾಳಿಕೋರರು ಒಳಗೇ ಇದ್ದರು. ಆಗಸ್ಟ್‌ನಲ್ಲಿ ಮತ್ತೆ ನಿಂತಾಗಲೇ ಸತ್ಯ ಗೊತ್ತಾಗಿದ್ದು. ಉತ್ಪಾದನೆ ನಿಂತಾಗ ಮೇಲಿನಿಂದ ಎಷ್ಟು ಒತ್ತಡ ಬರುತ್ತದೆ ಎಂದು ನನಗೆ ಗೊತ್ತು. ಆದರೂ ಮರುಚಾಲನೆಗೆ ಮುಂಚೆ ಕಂಟ್ರೋಲರ್‌ನ ಡಯಾಗ್ನೋಸ್ಟಿಕ್ ಲಾಗ್, ಘಟನೆಗಳ ಸರಣಿ, ಕೀ ಇದ್ದ ಕಡೆ, ಎಲ್ಲವನ್ನೂ ತೆಗೆದಿಡಿ. ಇಂಜಿನಿಯರಿಂಗ್ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ, ಡಿಸ್ಕ್‌ನ ಪೂರ್ತಿ ನಕಲು ತೆಗೆಯಿರಿ. ಲಾಜಿಕ್ ತಾಳೆ ನೋಡಿ.

ಆ ತಾಳೆಗೆ ಬೇಕಾದ ಅಸಲಿ ಪ್ರತಿ ಅದೇ ಕಂಪ್ಯೂಟರ್‌ನಲ್ಲಿದ್ದರೆ ಉಪಯೋಗವಿಲ್ಲ, ಅಲ್ವಾ? ಒಂದು ಪ್ರತಿಯನ್ನು ತಿದ್ದಲಾಗದ ಡಿಸ್ಕ್‌ಗೆ ಬರೆದು, ಮೇಲೆ ಆವೃತ್ತಿ ಮತ್ತು ದಿನಾಂಕ ಹಾಕಿ, ಬೇರೆ ಕಟ್ಟಡದ ತಿಜೋರಿಯಲ್ಲಿಡಿ. ಪ್ರತಿ ಪ್ರೂಫ್ ಟೆಸ್ಟ್‌ಗೆ (ಸೇಫ್ಟಿ ಸಿಸ್ಟಮ್ ಸರಿಯಾಗಿ ಟ್ರಿಪ್ ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆ) ಮುಂಚೆ ಅದನ್ನು ತಂದು, ತೆರೆದುಕೊಳ್ಳುತ್ತದೆಯೇ ಎಂದು ನೋಡಿ ವಾಪಸ್ ಇಡಿ.