ಜಾಮ್ ಆದ ನಟ್ಟು ಬೋಲ್ಟು ಕಾಸಾಕ ಗ್ಯಾಸ್ ಟಾರ್ಚ್: ನಾ ಯಾವ್ದ್ ತಗೊಂಡೆ, ಯಾಕ ತಗೊಂಡೆ

ಟಾರ್ಚ್ ತಗೋಬೇಕನ್ನವ್ರೆಲ್ಲಾ ಮೊದಲ ಕೇಳೂದು ಒಂದ ಮಾತು, ಇದ್ರ ಉರಿ ಎಷ್ಟ ಡಿಗ್ರಿ ಬರತೈತ್ರಿ ಅಂತ. ಡಬ್ಬಿ ಮ್ಯಾಲೆ 1300 ಡಿಗ್ರಿ ಅಂತ ದಪ್ಪ ಅಕ್ಷರದಾಗ ಬರದಿರ್ತಾರ, ಅದನ್ನ ನೋಡಿ ಒಯ್ತಾರ, ಮನಿಗೆ ಬಂದ ಟ್ರ್ಯಾಕ್ಟರ್ ಬೋಲ್ಟಿಗೆ ಹಿಡದ್ರ ನಟ್ಟು ಕರ್ರಗ ಆಗತೈತಿ ಅಷ್ಟ, ಜಗ್ಗಂಗಿಲ್ಲ. ಡಿಗ್ರಿ ಮುಖ್ಯ ಅಲ್ರಿ. ಮೇಣದಬತ್ತಿ ಉರಿನೂ ಸಾವಿರ ಡಿಗ್ರಿ ದಾಟತೈತಿ, ಅದ್ರ ಮ್ಯಾಲೆ ಒಂದ ಕೊಡ ನೀರಿಟ್ರ ಸಂಜಿತನಕಾ ಕುಂತ್ರೂ ಕಾಯಂಗಿಲ್ಲ. ನೋಡಬೇಕಾಗಿದ್ದು ಒಂದ ನಿಮಿಷದಾಗ ಎಷ್ಟ ಕಾವು ನಟ್ಟಿನೊಳಗ ಹೋಗತೈತಿ ಅನ್ನೂದನ್ನ.

ನಾ ಇರೂದು ಬೆಳಗಾವಿ. ಮನಿ ಹಿಂದ ಪತ್ರಾಸ್ ಹಾಕಿದ್ದ ಶೆಡ್ಡು, ಅದ್ರಾಗ ಹಳೇ ವೈಸು, ಡ್ರಿಲ್ ಮಷಿನ್ನು, ಮನಿ ಬೈಕು, ಮತ್ತ ಹಳ್ಳ್ಯಾಗಿನ ಮಾವನ ಟ್ರ್ಯಾಕ್ಟರ್ ಸಾಮಾನು, ಇವನ್ನೆಲ್ಲಾ ಬಿಚ್ಚೂದು ಕೂಡ್ಸೂದು ನನ್ನ ಕೆಲಸ. ಈ ಊರಾಗ ಜಿಟಿಜಿಟಿ ಮಳಿ ಜೂನದಾಗ ಹತ್ತಿದ್ರ ಸೆಪ್ಟೆಂಬರ್‌ತನಕಾ ಬಿಡಂಗಿಲ್ಲ, ಹೊರಗ ಬಿಟ್ಟ ಕಬ್ಬಣ ಅಂದ್ರ ಜಂಗ್ ಹಿಡೀದ ಇರೂದಿಲ್ಲ. ಅದ್ರಾಗ ಕಬ್ಬಿನ ಹೊಲದ ಎರಿ ಮಣ್ಣಾಗ ಓಡಿದ ರೋಟವೇಟರ್ (ಟ್ರ್ಯಾಕ್ಟರ್ ಹಿಂದ ಕಟ್ಟಿ ಮಣ್ಣು ಪುಡಿ ಮಾಡೂ ಸಾಧನ) ಇದ್ರಂತೂ ಕೇಳೂದ ಬ್ಯಾಡ, ಮಣ್ಣು ಬೋಲ್ಟಿನ ಎಳಿಯೊಳಗ, ಅಂದ್ರ ಥ್ರೆಡ್ಡಿನೊಳಗ ಹೊಕ್ಕು ಕಲ್ಲಾಗಿರತೈತಿ. ಪಾನಾಕ್ಕ ಪೈಪ್ ಹಾಕಿ ಜಗ್ಗಿದ್ರ ಒಂದೋ ನಟ್ಟಿನ ಮೂಲಿ ಸವದು ಗುಂಡಗ ಆಗತೈತಿ, ಇಲ್ಲಾ ಬೋಲ್ಟ್ ಕಟ್ ಆಗತೈತಿ. ಅದಕ್ಕ ಕಾಸೂದು ಬಿಟ್ರ ದಾರಿ ಇಲ್ಲ.

ಕಾಸೂದ್ರಿಂದ ಏನಾಗತೈತಿ ಅಂತ ಮೊದಲ ತಿಳ್ಕೋರಿ, ಆಮ್ಯಾಲೆ ಟಾರ್ಚ್ ಆರಿಸೂದು ತಾನ ಸಸಾರ ಆಗತೈತಿ. ಕಬ್ಬಣ ಒಂದ ಮೀಟರಿಗೆ ಒಂದ ಡಿಗ್ರಿಗೆ ಸುಮಾರ 12 ಮೈಕ್ರಾನ್ (ಒಂದ ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದ ಪಾಲು) ಹಿಗ್ಗತೈತಿ. ಎಂ12 ನಟ್ಟು, ಅಂದ್ರ 12 ಮಿಲಿಮೀಟರ್ ಬೋಲ್ಟಿನ ನಟ್ಟು, ಒಳಗಿನ ಬೋಲ್ಟಿಗಿಂತ 300 ಡಿಗ್ರಿ ಹೆಚ್ಚ ಕಾದ್ರ ಅದ್ರ ತೂತು ಸುಮಾರ 0.04 ಮಿಲಿಮೀಟರ್ ದೊಡ್ಡದಾಗತೈತಿ. ಇಷ್ಟ ಏನು ಅನಸ್ಬಹುದು, ಆದ್ರ ಜಂಗು ಅಂದ್ರ ಕಬ್ಬಣಕ್ಕಿಂತ ಹೆಚ್ಚ ಜಾಗ ತಿನ್ನೂ ಪದಾರ್ಥ, ಎಳಿ ಸಂದ್ಯಾಗ ಬೆಣಿ ಬಡದಂಗ ಕುಂತಿರತೈತಿ, ಅದು ಬಿರುಕ ಬಿಡಾಕ ಇಷ್ಟ ಸಾಕು. ಆದ್ರ ಇಲ್ಲಿ ಒಂದ ಶರತ್ತು ಐತಿ: ನಟ್ಟು ಕಾಯಬೇಕು, ಬೋಲ್ಟ್ ಕಾಯಬಾರ್ದು. ಸಣ್ಣ ಉರಿ ಹಿಡ್ಕೊಂಡ ಹತ್ತ ನಿಮಿಷ ಕುಂತ್ರ ಕಾವು ನಟ್ಟಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಅದು ಕುಂತ ಕಬ್ಬಣದ ಪಟ್ಟಿಗೆ ಹರದ ಹೋಗತೈತಿ, ಎರಡೂ ಕೂಡೇ ಹಿಗ್ತಾವ, ಸಂದಿ ಹೆಂಗಿತ್ತೋ ಹಂಗ. ಅದಕ್ಕ ನಾ ಹೇಳೂದು, ಜೋರಾಗಿ, ಲಗೂನ, ನಟ್ಟಿಗಷ್ಟ ಕಾವು ಕೊಡೂವಂಥಾ ಟಾರ್ಚ್ ಬೇಕು.

ಎಂ12 ನಟ್ಟು ಸುಮಾರ 17 ಗ್ರಾಮ್, ಎಂ20 ನಟ್ಟು ಸುಮಾರ 64 ಗ್ರಾಮ್. ಅಂದ್ರ ಹೆಚ್ಚೂಕಡಿಮಿ ನಾಲ್ಕ ಪಟ್ಟು ಕಾವು ಬೇಕು, ಮತ್ತ ದೊಡ್ಡ ನಟ್ಟು ಯಾವಾಗಲೂ ದಪ್ಪ ಪಟ್ಟಿ ಮ್ಯಾಲೇನ ಕುಂತಿರತೈತಿ, ಆ ಪಟ್ಟಿ ಕಾವನ್ನ ಎಳಕೊಂತನ ಇರತೈತಿ. ಹಿಂಗಾಗಿ ಬೈಕಿನ ನಟ್ಟಿಗೆ ಭೇಷ್ ಅನಿಸಿದ ಟಾರ್ಚು ಕಲ್ಟಿವೇಟರ್ ಹಲ್ಲಿನ ಬೋಲ್ಟಿಗೆ ಕೈ ಕೊಡತೈತಿ.

ಅಂಗಡ್ಯಾಗ ಸಿಗೂದ್ರಾಗ ಎಲ್ಲಾಕ್ಕಿಂತ ಸಣ್ಣದು ಲೈಟರ್ ಗ್ಯಾಸ್ ತುಂಬೂ ಪೆನ್ ಟಾರ್ಚು, ಅದು ಬೆಸುಗಿಗೆ ಛಲೋ, ಬೋಲ್ಟಿಗೆ ಅಲ್ಲ. ಅದ್ರ ಮ್ಯಾಲಿಂದು ಬ್ಯೂಟೇನ್ ಡಬ್ಬಿಗೆ ಸಿಕ್ಕಸೂ ಗನ್ನು, ಹೋಟೆಲ್ ಅಡಗಿಮನ್ಯಾಗೂ ಬಳಸ್ತಾರ ನೋಡ್ರಿ, ಅದು. ಇದು ನನ್ನ ಹತ್ರ ಐತಿ, ಈಗೂ ಬಳಸ್ತೀನಿ. ಎಂ6, ಎಂ8 ನಟ್ಟಿಗೆ, ಕೆಂಪ ಲಾಕ್‌ಟೈಟ್ (ಎಳಿ ಸಡ್ಲ ಆಗದಂಗ ಹಚ್ಚೂ ಅಂಟು) ಹಚ್ಚಿದ ಸ್ಕ್ರೂಕ್ಕ ಇದು ಸಾಕು, ಆ ಕೆಂಪ ಅಂಟು 250 ಡಿಗ್ರಿ ಸುಮಾರ ಕಾದ್ರ ಮೆತ್ತಗ ಆಗತೈತಿ. ಆದ್ರ ಬ್ಯೂಟೇನ್ ಗ್ಯಾಸಿನ ಗುಣ ಗೊತ್ತಿರ್ಲಿ. ಅದು ಕುದಿಯೂದು ಸೊನ್ನಿ ಡಿಗ್ರಿ ಹತ್ರ, ಪ್ರೊಪೇನ್ ಕುದಿಯೂದು ಮೈನಸ್ 42ಕ್ಕ. ಗ್ಯಾಸು ಹೊರಗ ಬರ್ತಾ ಬರ್ತಾ ಡಬ್ಬಿ ತಣ್ಣಗ ಆಗತೈತಿ, ಪ್ರೆಶರ್ ಇಳೀತೈತಿ, ಉರಿ ಮೆತ್ತಗ ಆಗತೈತಿ, ಡಿಸೆಂಬರ್ ಮುಂಜಾನೆ ಬೆಳಗಾವಿ ಥಂಡ್ಯಾಗ ಇದು ಇನ್ನೂ ಲಗೂನ ಆಗತೈತಿ. ಮತ್ತೊಂದು, ಜಾಮ್ ಆದ ಬೋಲ್ಟು ಯಾವಾಗಲೂ ಗಾಡಿ ಕೆಳಗ, ಸಂದ್ಯಾಗ ಇರತೈತಿ. ಡಬ್ಬಿ ಅಡ್ಡ ಹಿಡದ್ರ, ಡಬ್ಬು ಹಿಡದ್ರ ಗ್ಯಾಸು ದ್ರವ ಆಗೇ ಮೂತಿಗೆ ಬಂದು ಭಗ್ಗ ಅಂತ ಹಳದಿ ಉರಿ ಮೊಳಕೈ ಉದ್ದ ಹಾರತೈತಿ. ಗಾಡಿ ಕೆಳಗ ಮಲಕೊಂಡಾಗ ಇದು ಅಗದೀ ಕೆಟ್ಟದ್ದು. ತಗೊಳ್ಳೂದಿದ್ರ ಡಬ್ಬು ಹಿಡದ್ರೂ ಉರಿಯೂವಂಥಾ, ಗ್ಯಾಸ್ ಮೊದಲ ಕಾಸಿ ಬಿಡೂ ಕೊಳವಿ ಇರೂವಂಥಾ ಗನ್ನ ತಗೋರಿ.

ಹಳದಿ ಸಿಲಿಂಡರಿನ ಮ್ಯಾಪ್ ಗ್ಯಾಸ್ ಬಗ್ಗೆ ಭಾಳ ಮಂದಿ ಕೇಳ್ತಾರ. ಹಳೇ ಖರೇ ಮ್ಯಾಪ್ ಗ್ಯಾಸ್ ಅಮೆರಿಕಾದಾಗ 2008ಕ್ಕ ಬಂದ್ ಆತು, ಈಗ ಆ ಹೆಸರಿನ್ಯಾಗ ಬರೂದು ಹೆಚ್ಚಾಗಿ ಪ್ರೊಪಿಲೀನ್. ಉರಿ ಛಲೋನ ಐತಿ, ಸಂಶಯ ಇಲ್ಲ. ಆದ್ರ ಆ ಸಿಲಿಂಡರ್ ಮತ್ತ ತುಂಬಸಾಕ ಬರಂಗಿಲ್ಲ, ಮುಗದ್ರ ಹೊಸಾದ ತರಸ್ಬೇಕು, ನಡುವ ಕೆಲಸ ನಿಂತ ಹೋಗತೈತಿ. ನನಗ ಅದು ಹೊಂದಂಗಿಲ್ಲ.

ಅದಕ್ಕ ನಾ ಕಡೀಕ ತಗೊಂಡಿದ್ದು ಪೈಪಿನ ಎಲ್‌ಪಿಜಿ ಟಾರ್ಚು, 5 ಕಿಲೋ ಸಣ್ಣ ಸಿಲಿಂಡರಿನ ಮ್ಯಾಲೆ. ಸಿಲಿಂಡರು ನೆಲದ ಮ್ಯಾಲೆ ಸೀದಾ ನಿಂತಿರತೈತಿ, ಕೈಯಾಗ ಟಾರ್ಚ್ ಅಷ್ಟ ಇರತೈತಿ, ಹೆಂಗ ಬೇಕಾದ್ರೂ ತಿರುವ್ರಿ, ಉರಿ ಕೆಡಂಗಿಲ್ಲ. ಮನಿ ಅಡಗಿ ಕೆಂಪ ಸಿಲಿಂಡರ್, ಅಂದ್ರ 14.2 ಕಿಲೋದ್ದು, ಇದಕ್ಕ ಹಚ್ಚಬ್ಯಾಡ್ರಿ, ಅದು ಅಡಗಿ ಬಿಟ್ಟ ಬ್ಯಾರೆ ಕೆಲಸಕ್ಕ ಕಾಯ್ದೆ ಪ್ರಕಾರ ನಡ್ಯಂಗಿಲ್ಲ. 5 ಕಿಲೋದ್ದು ಗುರುತಿನ ಚೀಟಿ ತೋರಿಸಿದ್ರ ಏಜೆನ್ಸ್ಯಾಗ, ಕೆಲವು ಪೆಟ್ರೋಲ್ ಪಂಪಿನ್ಯಾಗ ಸಿಗತೈತಿ, ಅಡ್ರೆಸ್ ಪ್ರೂಫ್ ಕೇಳಂಗಿಲ್ಲ.

ಅಡಗಿ ರೆಗ್ಯುಲೇಟರ್ ಹಾಕಿದ್ರೂ ಟಾರ್ಚ್ ಉರಿಯಂಗಿಲ್ರಿ. ಅದು ಬಿಡೂದು ಬರೇ 30 ಮಿಲಿಬಾರ್, ಟಾರ್ಚಿಗೆ ಅದರ ಎಷ್ಟೋ ಪಟ್ಟು ಬೇಕು. ಕೈಲೆ ಹೆಚ್ಚೂಕಡಿಮಿ ಮಾಡಾಕ ಬರೂವಂಥಾ ಹೈ ಪ್ರೆಶರ್ ರೆಗ್ಯುಲೇಟರ್ ಬೇಕು, ನಿಮ್ಮ ಸಿಲಿಂಡರಿನ ವಾಲ್ವಿಗೆ ಕೂಡತೈತೋ ಇಲ್ಲೋ ಅಂತ ಅಂಗಡ್ಯಾಗ ಕೇಳಿ ತಗೋರಿ. ಪೈಪ್ ಮ್ಯಾಲೆ ಐಎಸ್ 9573 ಅಂತ, ಅಂದ್ರ ಗ್ಯಾಸ್ ಪೈಪಿನ ಭಾರತೀಯ ಮಾನಕದ ನಂಬರು, ಅಚ್ಚು ಇರಬೇಕು. ನೀರಿನ ಪೈಪು, ಗಾಳಿ ಪೈಪು ಹಚ್ಚಾಕ ಹೋಗಬ್ಯಾಡ್ರಿ, ಗ್ಯಾಸ್ ಅದನ್ನ ಒಳಗಿಂದ ತಿಂತೈತಿ.

ಈಗ ಟಾರ್ಚಿನ ಮೂತಿ. ಡಾಂಬರ್ ಶೀಟ್ ಹಚ್ಚವ್ರು ಹಿಡಿಯೂ ದೊಡ್ಡ ಟಾರ್ಚಿನ ಬಾಯಿ ಎರಡ ಇಂಚಿಗಿಂತ ದೊಡ್ಡದಿರತೈತಿ, ಅದನ್ನ ಹಿಡದ್ರ ನಟ್ಟಿನ ಕೂಡ ಬೇರಿಂಗ್ ಸೀಲು, ವಾಯರು, ಬಣ್ಣ ಎಲ್ಲಾ ಸುಟ್ಟ ಹೋಗತೈತಿ. ಪೆನ್ಸಿಲಿನಂಗ ಸಣ್ಣ ಉರಿ ಬರೂದು ಒಂದ ಜಾಗಾ ಸುಡತೈತಿ, ನಟ್ಟು ಸುತ್ತೂ ಕಾಯಂಗಿಲ್ಲ. ನಾ ಆರಿಸಿದ್ದು ಒಂದ ಇಂಚಿಗಿಂತ ಸ್ವಲ್ಪ ಸಣ್ಣ ಬಾಯಿದ್ದು, ಉರಿ ತಿರುಗಿ ನಟ್ಟಿಗೆ ಸುತ್ತಕೊಂಡ ಬರತೈತಿ. ಅಂಗಡ್ಯಾಗ ಹಚ್ಚಿ ತೋರಸ್ರಿ ಅಂತ ಕೇಳ್ರಿ. ಒಳಗ ಚೂಪಾದ ತಿಳಿ ನೀಲಿ ಕೋನ ಕಾಣಬೇಕು, ಆ ಕೋನದ ತುದಿ ದಾಟಿದ ಜಾಗದಾಗ ಎಲ್ಲಾಕ್ಕಿಂತ ಹೆಚ್ಚ ಕಾವು, ನಟ್ಟು ಅಲ್ಲೇ ಬರೂವಂಗ ಹಿಡೀಬೇಕು. ಉರಿ ಹಳದಿ ನಾಲಿಗಿ ಚಾಚಿದ್ರ ಗಾಳಿ ಸಾಲವಲ್ದು ಅಂತ ಅರ್ಥ, ಅಂಥಾದ್ದು ಬ್ಯಾಡ. ವಾಲ್ವಿನ ತಿರುಪು ಸಾವಕಾಶ, ಒಂದ ತೂಕದಾಗ ತಿರುಗಬೇಕು, ಜರಕ್ ಜರಕ್ ಅನ್ನಬಾರ್ದು.

ರೋಟವೇಟರ್ ಬ್ಲೇಡಿನ ಬೋಲ್ಟಿಗೆ ನಾ ಮಾಡೂ ಪದ್ಧತಿ ಹೇಳ್ತೀನಿ. ಹಿಂದಿನ ದಿನಾನ ತಂತಿ ಬ್ರಷ್‌ಲೇ ಮಣ್ಣ ಉಜ್ಜಿ ತಗದು ಡಿಸೇಲ್ ಹಾಕಿ ಬಿಡ್ತೀನಿ. ಮರುದಿನ ಅದನ್ನ ಅರಿವಿಲೇ ಒರಸಿ, ನಟ್ಟಿನ ಆರೂ ಮುಖಕ್ಕ ಉರಿ ತಿರುವ್ಕೊಂತ ಹಿಡೀತೀನಿ. ಮೊದಲ ಉಳದ ಎಣ್ಣಿ ಹೊಗಿ ಆಗಿ ಹೋಗತೈತಿ, ಆಮ್ಯಾಲೆ ಬ್ರಷ್ಷಿಗೆ ಬೆಳ್ಳಗ ಆಗಿದ್ದ ಮೂಲಿ ಒಣಹುಲ್ಲಿನ ಬಣ್ಣಕ್ಕ ತಿರುಗತೈತಿ, ಅದು 220 ಡಿಗ್ರಿ ಸುಮಾರು, ಆಮ್ಯಾಲೆ ಕಂದು, ಆಮ್ಯಾಲೆ ಅಚ್ಚ ನೀಲಿ, ಅದು 300 ಹತ್ರ. ನೀಲಿ ಬಂತಂದ್ರ ಉರಿ ತಗದು ರಿಂಗ್ ಪಾನಾ ಹಾಕಿ ಮೊದಲ ಬಿಗಿ ಮಾಡೂ ಕಡೆ ಒಂದ ಸಣ್ಣ ಜಗ್ಗ. ಟಕ್ ಅಂತ ಸಪ್ಪಳ ಬಂತಂದ್ರ ಜಂಗು ಬಿಟ್ಟಂಗ. ಆಮ್ಯಾಲೆ ಸಡ್ಲ ಮಾಡೂ ಕಡೆ ಕಾಲ ಸುತ್ತು, ಮತ್ತ ಹಿಂದ, ಮತ್ತ ಮುಂದ, ಒಮ್ಮೆಲೆ ಜಗ್ಗೂದಿಲ್ಲ. ಬರಲಿಲ್ಲಂದ್ರ ಆರಾಕ ಬಿಟ್ಟು, ಕೈ ಹಚ್ಚಾಕ ಬರದಷ್ಟು ಬಿಸಿ ಇದ್ದಾಗನ ಮೇಣದಬತ್ತಿ ತುದಿ ಎಳಿಗೆ ಮುಟ್ಟಸ್ತೀನಿ. ಮೇಣ ಕರಗಿ ಕಣ್ಣ ಮುಂದನ ಎಳಿಯೊಳಗ ಇಳದ ಹೋಗತೈತಿ. ಮೇಣ ಹತ್ತಿ ಉರದ್ರ ಇನ್ನೂ ಭಾಳ ಬಿಸಿ ಐತಿ ಅಂತ. ಡಬ್ಬಿ ಸ್ಪ್ರೇ ಎಣ್ಣಿ ಮಾತ್ರ ಕಾದ ಕಬ್ಬಣಕ್ಕ ಹೊಡೀಬ್ಯಾಡ್ರಿ, ಹೊಗಿಗೆ ಬೆಂಕಿ ಹತ್ತತೈತಿ.

ಬೀಡಿನ, ಅಂದ್ರ ಎರಕದ ಕಬ್ಬಣದ, ಸಾಮಾನಿಗೆ ಲೆಕ್ಕ ಬ್ಯಾರೆ. ನಮ್ಮ ಓಣ್ಯಾಗ ಉದ್ಯಮಬಾಗದ ಫೌಂಡ್ರ್ಯಾಗ ದುಡದ ಕಾಕಾ ಒಬ್ರ ಅದಾರ, ನಾ ಹಳೇ ವೈಸಿಗೆ ಟಾರ್ಚ್ ಹಿಡಿಯಾಕ ಹತ್ತಿದಾಗ ಬಾಜೂಕ ಬಂದ ನಿಂತು ಹೇಳಿದ್ರು, “ತಮ್ಮಾ, ಇದು ಬೀಡ ಐತಿ, ಒಂದ ಕಡೆ ಉರಿ ನಿಂದ್ರಸಬ್ಯಾಡ, ಸುತ್ತೂ ಅಗಲಕ ಸಾವಕಾಶ ಕಾಸು, ಆಮ್ಯಾಲೆ ನೀರ ಹಾಕಬ್ಯಾಡ, ತನ್ನ ಪಾಡಿಗೆ ತಾನ ಆರ್ಲಿ.” ಖರೇ ಮಾತು, ಬೀಡು ಹಿಗ್ಗಿದ್ದನ್ನ ತಡಕೊಳ್ಳಂಗಿಲ್ಲ, ಸೀಳತೈತಿ. ಅಲ್ಯೂಮಿನಿಯಮ್ ಎಂಜಿನ್ ಕೇಸಿಂಗ್ ಇದ್ರ ಕೇಸಿಂಗಿಗೇ ಕಾವು ಕೊಡ್ರಿ, ಅದು ಕಬ್ಬಣಕ್ಕಿಂತ ಎರಡ ಪಟ್ಟು ಹಿಗ್ಗತೈತಿ. ಆದ್ರ ಬಣ್ಣ ಬದ್ಲಾಗಿ ಸೂಚನಾ ಕೊಡಂಗಿಲ್ಲ, 660 ಡಿಗ್ರಿ ಮುಟ್ಟೂದ್ರೊಳಗ ಕರಗೇ ಹೋಗತೈತಿ, ಅದಕ್ಕ ಒಂದ ಹನಿ ನೀರ ಬಿಟ್ರ ಚುರ್ ಅಂದ್ರ ಸಾಕು, ಅಲ್ಲಿಗೆ ನಿಂದ್ರಸ್ರಿ.

ಇನ್ನ ಜೀವದ ಮಾತು, ಇದನ್ನ ಬಿಟ್ಟ ಓದಬ್ಯಾಡ್ರಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರ ನೆಲಕ್ಕ ಇಳದು ಮೂಲ್ಯಾಗ, ತಗ್ಗಿನ್ಯಾಗ ನಿಂದರತೈತಿ, ಅದಕ್ಕ ಶೆಡ್ಡಿನ ಬಾಗಲಾ ಪೂರ್ತಿ ತಗದಿಟ್ಟೇ ಹಚ್ಚೂದು, ಪ್ರತೀ ಸಲ ಪೈಪ್ ಕೂಡಿಸಿದ ಜಾಗಕ್ಕ ಸೋಪಿನ ನೀರ ಹಚ್ಚಿ ಗುಳ್ಳಿ ಬರತೈತೇನ ನೋಡೂದು. ಗ್ಯಾಲ್ವನೈಸ್ ಮಾಡಿದ ಬೋಲ್ಟ್ ಕಾಸಿದ್ರ ಸತುವಿನ ಬಿಳಿ ಹೊಗಿ ಬರತೈತಿ, ಅದನ್ನ ಕುಡದ್ರ ಜ್ವರ ಬರತೈತಿ. ಬ್ರೇಕ್ ಕ್ಲೀನರ್ ಹೊಡದ ಜಾಗಕ್ಕ ಉರಿ ಹಿಡೀಬ್ಯಾಡ್ರಿ, ಕ್ಲೋರಿನ್ ಇರೂ ಕ್ಲೀನರ್ ಆದ್ರ ಅದ್ರ ಹೊಗ್ಯಾಗ ಫಾಸ್ಜೀನ್ ಹುಟ್ಟತೈತಿ, ಅದು ವಿಷ. ಶಾಕ್ ಅಬ್ಸಾರ್ಬರ್ ಕಾಸಬ್ಯಾಡ್ರಿ. ಮತ್ತ ಟ್ರ್ಯಾಕ್ಟರ್ ಇದ್ದವ್ರಿಗೆ ಕೈ ಮುಗದ ಹೇಳ್ತೀನಿ, ಟಾಯರ್ ಇದ್ದ ರಿಮ್ಮಿಗೆ, ಅದ್ರ ಬೋಲ್ಟಿಗೆ ಉರಿ ಹಿಡೀಬ್ಯಾಡ್ರಿ. ಗಾಳಿ ಬಿಟ್ರೂ ಸಾಕಾಗಂಗಿಲ್ಲ, ಒಳಗ ರಬ್ಬರ್ ಸುಟ್ಟು ಉರಿಯೂ ಗ್ಯಾಸ್ ತುಂಬಿ ಟಾಯರ್ ಸಿಡೀತೈತಿ, ಮಂದಿ ಸತ್ತಾರ ಹಿಂಗ. ಟಾಯರ್ ಪೂರಾ ಬಿಚ್ಚಿ ತಗದ ಮ್ಯಾಲೇನ ಮಾತು.

ಎಂ20 ದಾಟಿದ್ದು, ದಪ್ಪ ಪಟ್ಟ್ಯಾಗ ಕುಂತದ್ದು ಇದ್ರ ನಾ ಟಾರ್ಚ್ ಹಿಡಿಯೂದ ಇಲ್ಲ, ಗ್ಯಾಸ್ ವೆಲ್ಡಿಂಗ್ ಅಂಗಡಿಗೆ ಒಯ್ತೀನಿ. ಆಕ್ಸಿಜನ್ ಅಸಿಟಿಲೀನ್ ಉರಿ 3100 ಡಿಗ್ರಿ ದಾಟತೈತಿ, ಕಾವು ಹೊಗಸೂದೂ ಅಷ್ಟ ಜೋರು, ನೋಡ ನೋಡೂದ್ರಾಗ ನಟ್ಟು ಕೆಂಪಗ ಆಗತೈತಿ, ಬೋಲ್ಟಿಗೆ ಸುದ್ದಿ ಮುಟ್ಟೂದ್ರೊಳಗ ಬಿಟ್ಟ ಬರತೈತಿ. ಆ ಸೆಟ್ಟು ಮನ್ಯಾಗ ಇಡೂ ಸಾಮಾನಲ್ಲ, ಅಸಿಟಿಲೀನ್ ಸಂಭಾಳಸೂದು ಕಲತವ್ರ ಕೆಲಸ.

ಕೆಂಪಗ ಆದ ಬೋಲ್ಟ್ ಮತ್ತ ಹಾಕಬ್ಯಾಡ್ರಿ. 8.8 ಗ್ರೇಡ್ (ಇದು ಬೋಲ್ಟ್ ಎಷ್ಟ ಗಟ್ಟಿ ಅನ್ನೂ ಗುರುತು) ಬೋಲ್ಟ್ ತಯಾರ ಮಾಡೂ ಮುಂದ 425 ಡಿಗ್ರಿಗೆ ಕಡಿಮಿ ಇಲ್ದಂಗ ಹದಾ ಹಾಕಿರ್ತಾರ, ಅದಕ್ಕಿಂತ ಹೆಚ್ಚ ಕಾದ್ರ ಆ ಬಿರುಸು ಹೋತು. ನಟ್ಟೂ ಬೋಲ್ಟೂ ಎರಡೂ ಹೊಸಾವು, ತಲಿ ಮ್ಯಾಲೆ 8.8 ಅಂತ ಅಚ್ಚು ನೋಡಿ ತರ್ರಿ, ಎಳಿಗೆ ತಾಂಬ್ರದ ಗ್ರೀಸ್ ಹಚ್ಚಿ ಹಾಕ್ರಿ, ಮುಂದಿನ ಮಳಿಗಾಲ ಆದ ಮ್ಯಾಲೆ ಬರೇ ಪಾನಾದಿಂದನ ಬಿಚ್ಚತೈತಿ.